ಮನೆಮಂದಿಯೆಲ್ಲ ಸೇರಿ ಹೊಲಿಯುವ ಲಾಡಿ ಚೀಲ: ಬೇರೊಂದು ಮಗುವಿನ ಹೆಗಲಿಗೆ

ಮಕ್ಕಳಿಗೆ ಏನಾದರೂ ಹೊಲಿದು ಕೊಡೋಣ ಅಂದುಕೊಂಡವರು ಸಾಮಾನ್ಯವಾಗಿ ಮೊದಲು ಬಟ್ಟೆ ತರುತ್ತಾರೆ, ಹೊಲಿದು ಮುಗಿಸುತ್ತಾರೆ, ಆಮೇಲೆ ಯಾರಿಗೆ ಕೊಡುವುದು ಎಂದು ಹುಡುಕುತ್ತಾರೆ. ಇದನ್ನು ತಿರುವಿಹಾಕಿ. ಮಕ್ಕಳ ನಿಲಯವೋ, ಶಾಲೆಯೋ, ಆಸ್ಪತ್ರೆಯ ಮಕ್ಕಳ ವಿಭಾಗವೋ, ಎಲ್ಲಿಗೆ ಕೊಡಬೇಕೆಂದಿದ್ದೀರೋ ಅಲ್ಲಿಗೆ ಮೊದಲು ಫೋನು ಮಾಡಿ. ಎಷ್ಟು ಮಕ್ಕಳಿದ್ದಾರೆ, ಯಾವ ವಯಸ್ಸಿನವರು, ಚೀಲ ನಿಜಕ್ಕೂ ಬೇಕೇ, ಒಳಗೆ ಏನಿಟ್ಟರೆ ಉಪಯೋಗವಾಗುತ್ತದೆ, ಯಾವ ದಿನ ತಂದರೆ ಅನುಕೂಲ: ಈ ಐದು ಪ್ರಶ್ನೆ ಸಾಕು. ಚೀಲ ಬೇಡ, ಹೊದಿಕೆ ಬೇಕು ಎಂದರೆ ಆ ಮಾತನ್ನೇ ಕೇಳಿ.

ಚೀಲವೇ ಬೇಕೆಂದರೆ, ಹುರಿ ಎಳೆದು ಬಾಯಿ ಮುಚ್ಚುವ, ಅದೇ ಹುರಿಯನ್ನು ಹೆಗಲಿಗೆ ಹಾಕಿಕೊಳ್ಳುವ ಲಾಡಿ ಚೀಲಕ್ಕಿಂತ ಸುಲಭವಾದದ್ದು ಇಲ್ಲ. ಎಲ್ಲವೂ ನೇರ ಹೊಲಿಗೆ. ಕೆಟ್ಟುಹೋಗಲು ಜಿಪ್ ಇಲ್ಲ, ಕಿತ್ತುಬರಲು ಗುಂಡಿ ಇಲ್ಲ. ಒಂದು ಎಚ್ಚರ ಮಾತ್ರ ಇರಲಿ. ಸ್ವಂತ ಮಗುವಿನ ಚೀಲ ಹರಿದರೆ ಸಂಜೆ ಕೂತು ನಾಲ್ಕು ಹೊಲಿಗೆ ಹಾಕಿಬಿಡಬಹುದು. ಇದು ಹರಿದರೆ ಹೊಲಿದುಕೊಡುವವರು ಆ ಮಗುವಿನ ಹತ್ತಿರ ಇರಲಿಕ್ಕಿಲ್ಲ. ಮನೆಬಳಕೆಗೆ ಒಂದು ಸಾಲು ಹೊಲಿಗೆ ಸಾಕೆನ್ನುವ ಕಡೆಯೆಲ್ಲ ಇಲ್ಲಿ ಎರಡು ಸಾಲು.

ಬಟ್ಟೆ ಮತ್ತು ಅಳತೆ

ಹೊಲಿದ ಮೇಲೆ ಚೀಲ 30 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ ಬರಬೇಕು. ಎ4 ಅಳತೆಯ ನೋಟ್‌ಬುಕ್ಕು ಸುಮಾರು 21 × 30 ಸೆಂ.ಮೀ. ಇರುತ್ತದೆ. ಅದು ಒಳಗೆ ಹೋಗಿ, ಬಾಯಿ ಮುಚ್ಚಲು ಮೇಲೆ ಜಾಗ ಉಳಿಯುತ್ತದೆ.

ಇದಕ್ಕೆ ಕತ್ತರಿಸಬೇಕಾದ್ದು 34 × 88 ಸೆಂ.ಮೀ.ನ ಒಂದೇ ತುಂಡು. ಮಧ್ಯಕ್ಕೆ ಮಡಿಸಿದರೆ ಮಡಿಕೆಯೇ ತಳವಾಗುತ್ತದೆ. ಭಾರ ಬೀಳುವ ಜಾಗದಲ್ಲಿ ಹೊಲಿಗೆಯೇ ಇಲ್ಲದಿದ್ದರೆ ಬಿಚ್ಚುವ ಪ್ರಶ್ನೆಯೂ ಇಲ್ಲ. ಎರಡು ತುಂಡು ಜೋಡಿಸಿ ತಳ ಹೊಲಿಯುವವರು ಬಟ್ಟೆ ಉಳಿಸುತ್ತಾರೆ, ಚೀಲ ಉಳಿಸುವುದಿಲ್ಲ. 88 ಸೆಂ.ಮೀ. ಉದ್ದವು ಬಟ್ಟೆಯ ಹಾಸಿನ ದಿಕ್ಕಿಗೆ, ಅಂದರೆ ಬಟ್ಟೆಯ ಕಟ್ಟಂಚಿಗೆ (ಎಳೆ ಬಿಡದ ಗಟ್ಟಿ ಅಂಚಿಗೆ) ಸಮಾನಾಂತರವಾಗಿ ಬರಲಿ. ಹಾಸಿನ ಎಳೆ ಹೊಕ್ಕಿನ, ಅಂದರೆ ಅಡ್ಡಕ್ಕಿರುವ, ಎಳೆಗಿಂತ ಕಡಿಮೆ ಜಗ್ಗುತ್ತದೆ. ಅಡ್ಡಡ್ಡ ಕತ್ತರಿಸಿದ ಚೀಲ ಬೇಗ ಜೋತುಬೀಳುತ್ತದೆ.

112 ಸೆಂ.ಮೀ. ಪನ್ನಾದ (ಅಗಲದ) ಬಟ್ಟೆಯಲ್ಲಿ ಮೀಟರಿಗೆ ಮೂರು ಚೀಲ ಬರುತ್ತವೆ. 4 ಮೀಟರಿಗೆ ಹನ್ನೆರಡು, ಹತ್ತು ಮಕ್ಕಳಿಗೆಂದು ಇಲ್ಲಿ ಹಿಡಿದ ಲೆಕ್ಕ ಇದೇ. ಬದಿಯಲ್ಲಿ 10 ಸೆಂ.ಮೀ. ಉಳಿಯುತ್ತದೆ, ಬಟ್ಟೆ ಒಗೆದು ಕುಗ್ಗಿದ ಮೇಲೂ 4 ಸೆಂ.ಮೀ. ಪಟ್ಟಿಗೆ ಸಾಲುತ್ತದೆ. ಅದನ್ನು ಎಸೆಯಬೇಡಿ, ಚೀಲದ ಕೆಳಗೆ ಲಾಡಿ ಕಟ್ಟುವ ಕುಣಿಕೆಗಳಿಗೆ ಬೇಕು. ದಪ್ಪ ಹತ್ತಿ ಬಟ್ಟೆ ಉತ್ತಮ. ಬೆಳಕಿಗೆ ಹಿಡಿದಾಗ ಬೆರಳಿನ ನೆರಳು ಸ್ಪಷ್ಟವಾಗಿ ಕಂಡರೆ ಅದು ತೆಳು.

ಕತ್ತರಿಸುವ ಮೊದಲು ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಬಹುದು. ಬಟ್ಟೆ ಕುಗ್ಗಿ ಹೊಲಿಗೆ ದಾರ ಕುಗ್ಗದಿದ್ದರೆ ಬದಿಯ ಹೊಲಿಗೆಯುದ್ದಕ್ಕೂ ನೆರಿಗೆ ಬೀಳುತ್ತದೆ. ಅಂಗಡಿಯ ಗಂಜಿ ಹೋಗದೆ ಬಣ್ಣವೂ ಹಿಡಿಯುವುದಿಲ್ಲ. ಗಾಢ ಬಣ್ಣದ ಬಟ್ಟೆಯಾದರೆ ಒದ್ದೆ ಮಾಡಿದ ಬಿಳಿ ಚಿಂದಿಯಿಂದ ಉಜ್ಜಿ ನೋಡಿ. ಒಗೆದ ಮೇಲೂ ಬಣ್ಣ ಬಿಡುತ್ತಿದ್ದರೆ ಆ ಬಟ್ಟೆ ಈ ಕೆಲಸಕ್ಕೆ ಬೇಡ, ಮಳೆಯಲ್ಲಿ ನೆನೆದ ದಿನ ಮಗುವಿನ ಬಿಳಿ ಅಂಗಿಗೆ ಅಂಟುತ್ತದೆ.

ಹಳೆಯ ಹಾಸಿಗೆ ಹೊದಿಕೆ, ಪರದೆಗಳಲ್ಲೂ ಹೊಲಿಯಬಹುದು. ಹೊದಿಕೆಯ ನಡುಭಾಗ ಸವೆದಿರುತ್ತದೆ, ಅಂಚಿನ ಕಡೆಯಿಂದ ಕತ್ತರಿಸಿ. ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಜೋರಾಗಿ ಎಳೆದಾಗ ಎಳೆ ಬಿಟ್ಟುಕೊಂಡರೆ ಅದು ನೆಲ ಒರೆಸಲಿಕ್ಕೆ ಸರಿ, ಕೊಡಲಿಕ್ಕೆ ಅಲ್ಲ.

ಚಿತ್ರ ಮೊದಲು, ಹೊಲಿಗೆ ಆಮೇಲೆ

ಮನೆಯ ಚಿಕ್ಕವರ ಕೆಲಸ ಇಲ್ಲಿದೆ. ಬಟ್ಟೆ ಇನ್ನೂ ಚಪ್ಪಟೆಯಾಗಿರುವಾಗಲೇ ಅಚ್ಚೊತ್ತಿಸಿ. ಹೊಲಿದ ಚೀಲದ ಮೇಲೆ ಬಣ್ಣ ಹಚ್ಚಹೋದರೆ ಹೊಲಿಗೆಯ ಉಬ್ಬಿನ ಬಳಿ ಅಚ್ಚು ಕೂರುವುದಿಲ್ಲ, ಹಿಂದಿನ ಪದರಕ್ಕೂ ಬಣ್ಣ ಇಳಿಯುತ್ತದೆ.

ನಾಲ್ಕೈದು ವರ್ಷದವರಿಗೆ ಅರ್ಧಕ್ಕೆ ಕೊಯ್ದ ಆಲೂಗಡ್ಡೆ ಅಥವಾ ಬೆಂಡೆಕಾಯಿಯ ಬುಡ ಒಳ್ಳೆಯ ಅಚ್ಚು. ಕೊಯ್ದ ಮುಖವನ್ನು ಬಟ್ಟೆಯಿಂದ ಒತ್ತಿ ಒರೆಸಿ ಹತ್ತು ನಿಮಿಷ ಒಣಗಲು ಬಿಡಿ, ತೇವವಿದ್ದರೆ ಬಣ್ಣ ನೀರಾಗಿ ಹರಡುತ್ತದೆ. ಅಚ್ಚನ್ನು ಬಣ್ಣದಲ್ಲಿ ಅದ್ದಬಾರದು. ಸ್ಪಂಜಿನ ತುಂಡಿಗೆ ಬಣ್ಣ ಹಾಕಿ, ಅದರ ಮೇಲೆ ಅಚ್ಚನ್ನು ಒತ್ತಿ ತೆಗೆಯಬೇಕು. ಅದ್ದಿದ ಅಚ್ಚು ಬಟ್ಟೆಯ ಮೇಲೆ ದಪ್ಪ ಹೊಪ್ಪಳಿಕೆಯಾಗಿ ಕೂತು ಒಣಗಿದ ಮೇಲೆ ಬಿರಿಯುತ್ತದೆ. ಬಟ್ಟೆಗೆಂದೇ ಮಾಡಿದ ಬಣ್ಣ ಬೇಕು. ಕಾಗದಕ್ಕೆ ಹಚ್ಚುವ ಜಲವರ್ಣ ಮೊದಲ ಒಗೆತಕ್ಕೇ ಹೋಗುತ್ತದೆ.

ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪೊಂದಿದೆ. ತುಂಡು ತಳದಲ್ಲಿ ಮಡಿಕೆಯಾಗುವುದರಿಂದ, ಉದ್ದಕ್ಕೂ ಒಂದೇ ದಿಕ್ಕಿಗೆ ಚಿತ್ರ ಬರೆದರೆ ಚೀಲದ ಒಂದು ಮಗ್ಗುಲಲ್ಲಿ ಆನೆ ತಲೆಕೆಳಗಾಗುತ್ತದೆ. ನಡುವೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಎರಡೂ ಕಡೆಯ ಚಿತ್ರಗಳ ತಲೆ ಆ ಗೆರೆಯಿಂದ ಆಚೆಗೆ, ತುಂಡಿನ ಎರಡು ತುದಿಗಳತ್ತ ಬರುವಂತೆ ನೋಡಿಕೊಳ್ಳಿ. ಮೇಲಿನ ತುದಿಗಳಿಂದ 8 ಸೆಂ.ಮೀ., ಬದಿಗಳಿಂದ 3 ಸೆಂ.ಮೀ. ಖಾಲಿ ಬಿಡಿ, ಅದು ಮಡಿಕೆಗೆ ಮತ್ತು ಹೊಲಿಗೆಗೆ ಹೋಗುವ ಜಾಗ.

ಒಂದು ದಿನ ಪೂರ್ತಿ ಒಣಗಲಿ. ಆಮೇಲೆ ಬಟ್ಟೆಯನ್ನು ಮಗುಚಿ, ಹಿಂಬದಿಯಿಂದ ಮೂರರಿಂದ ಐದು ನಿಮಿಷ ಬಿಸಿ ಇಸ್ತ್ರಿ ಹಾಕಿ. ಉಗಿ ಬೇಡ. ಬಣ್ಣದ ಬಾಟಲಿಯ ಮೇಲೆ ಬೇರೆ ಸಮಯ ಬರೆದಿದ್ದರೆ ಅದನ್ನೇ ಪಾಲಿಸಿ.

ಹೊಲಿಗೆ

ಹನ್ನೆರಡು ಚೀಲವನ್ನು ಒಂದೊಂದಾಗಿ ಮುಗಿಸುತ್ತಾ ಹೋದರೆ ಮೂರನೆಯದಕ್ಕೇ ಬೇಸರ ಬರುತ್ತದೆ. ಎಲ್ಲ ತುಂಡುಗಳಿಗೂ ಒಂದು ಹಂತ, ಆಮೇಲೆ ಮುಂದಿನ ಹಂತ: ಹೀಗೆ ಮಾಡಿ. ಸಾಧಾರಣ ದಪ್ಪದ ಹತ್ತಿಗೆ 14ನೇ ನಂಬರಿನ ಸೂಜಿ, ಜೀನ್ಸಿನಂಥ ದಪ್ಪ ಬಟ್ಟೆಗೆ 16. ಟಾಕಿಯ, ಅಂದರೆ ಒಂದೊಂದು ಹೊಲಿಗೆಯ, ಉದ್ದ 2.5 ಮಿ.ಮೀ.

ಮೊದಲು 88 ಸೆಂ.ಮೀ.ನ ಎರಡೂ ಬದಿಯ ಅಂಚನ್ನು ಒಳಮೈ ಕಡೆಗೆ ಅರ್ಧ ಸೆಂ.ಮೀ. ಮಡಿಸಿ ಉದ್ದಕ್ಕೂ ಹೊಲಿಯಿರಿ. ಎಳೆ ಬಿಟ್ಟುಕೊಳ್ಳದಿರಲು ಇದು. ಬಟ್ಟೆ ಚಪ್ಪಟೆಯಾಗಿರುವಾಗ ಇದು ಎರಡು ನಿಮಿಷದ ಕೆಲಸ, ಚೀಲವಾದ ಮೇಲೆ ತೋಳು ಒಳಗೆ ತೂರಿಸಿ ಮಾಡುವ ಗೋಳು.

ಕುಣಿಕೆಗಾಗಿ 4 ಸೆಂ.ಮೀ. ಪಟ್ಟಿಯ ಎರಡು ಅಂಚುಗಳನ್ನು ನಡುಗೆರೆಗೆ ಮಡಿಸಿ, ಮತ್ತೆ ಅರ್ಧಕ್ಕೆ ಮಡಿಸಿದರೆ 1 ಸೆಂ.ಮೀ. ಅಗಲದ ನಾಲ್ಕು ಪದರದ ಪಟ್ಟಿ ಸಿಗುತ್ತದೆ. ಎರಡೂ ಅಂಚಿಗೆ ಹೊಲಿಗೆ ಹಾಕಿ, 8 ಸೆಂ.ಮೀ.ನ ತುಂಡುಗಳಾಗಿ ಕತ್ತರಿಸಿ. ಚೀಲಕ್ಕೆ ಎರಡು.

ಈಗ ಚೀಲದ ತುಂಡನ್ನು ಹೊರಮೈ ಒಳಗೆ ಬರುವಂತೆ ಮಧ್ಯಕ್ಕೆ ಮಡಿಸಿ. ತಳದಿಂದ 3 ಸೆಂ.ಮೀ. ಮೇಲೆ, ಎರಡೂ ಬದಿಯಲ್ಲಿ, ಜೋಡಿ ಮಡಿಸಿದ ಕುಣಿಕೆಯನ್ನು ಪದರಗಳ ನಡುವೆ ಇಡಿ. ಅದರ ಕತ್ತರಿಸಿದ ತುದಿಗಳು ಬಟ್ಟೆಯ ಅಂಚಿನಿಂದ ಸ್ವಲ್ಪ ಹೊರಗೆ ಇಣುಕಬೇಕು, ಬಾಗಿದ ಭಾಗ ಒಳಗಿರಬೇಕು. ಉಲ್ಟಾ ಇಟ್ಟರೆ ಚೀಲ ತಿರುಗಿಸಿದಾಗ ಕುಣಿಕೆ ಒಳಗೇ ಸೇರಿಹೋಗಿರುತ್ತದೆ. ಪಿನ್ ಚುಚ್ಚಿ.

ಅಂಚಿನಿಂದ 1.5 ಸೆಂ.ಮೀ. ಒಳಗೆ ಎರಡೂ ಬದಿ ಹೊಲಿಯಿರಿ. ಮೇಲಿನ ತುದಿಯಿಂದ ಹೊಲಿಯಬೇಡಿ. ಮೇಲೆ 8 ಸೆಂ.ಮೀ. ಬಿಟ್ಟು, ಅಲ್ಲಿಂದ ತಳದವರೆಗೆ. ಲಾಡಿ ಹೊರಬರುವ ಸೀಳು ಅದು. ಸೀಳು ಶುರುವಾಗುವ ಕಡೆ ಮೂರು ಬಾರಿ ಹಿಂದಕ್ಕೂ ಮುಂದಕ್ಕೂ ಹೊಲಿಯಿರಿ, ಕುಣಿಕೆಯ ಮೇಲೂ ಹಾಗೆಯೇ. ಆಮೇಲೆ ಮೊದಲ ಸಾಲಿನ ಪಕ್ಕದಲ್ಲೇ, ಅಂಚಿನ ಕಡೆಗೆ, ಎರಡನೆಯ ಸಾಲು. ಲಾಡಿ ಚೀಲ ಹರಿಯುವುದು ಹೆಚ್ಚಾಗಿ ಈ ಸೀಳಿನ ಬುಡದಲ್ಲಿ: ಬಾಯಿ ಅಗಲಿಸಿದಾಗಲೆಲ್ಲ ಎಳೆತ ಬೀಳುವುದು ಅಲ್ಲಿಗೇ.

ಸೀಳಿನ ಎರಡೂ ದಡದಲ್ಲಿ 1.5 ಸೆಂ.ಮೀ. ಅಂಚನ್ನು ಒಳಮೈಗೆ ಬಿಡಿಸಿ ಇಸ್ತ್ರಿ ಮಾಡಿ, ಆ ಮಡಿಕೆಯ ಮೇಲೆ ಸುತ್ತಲೂ ಹೊಲಿಯಿರಿ. ಕೊನೆಗೆ ಮೇಲಿನ ತುದಿ: ಒಳಮೈಗೆ 1 ಸೆಂ.ಮೀ. ಮಡಿಸಿ, ಮತ್ತೆ 3 ಸೆಂ.ಮೀ. ಮಡಿಸಿ, ಮಡಿಕೆಯ ಕೆಳ ಅಂಚಿಗೆ ಹೊಲಿಯಿರಿ. ಮುಂದಿನ ಮಗ್ಗುಲು ಬೇರೆ, ಹಿಂದಿನದು ಬೇರೆ. ಎರಡನ್ನೂ ಸೇರಿಸಿ ಹೊಲಿದುಬಿಟ್ಟರೆ ಚೀಲಕ್ಕೆ ಬಾಯಿಯೇ ಇರುವುದಿಲ್ಲ. ನಗಬೇಡಿ, ರಾತ್ರಿ ಹತ್ತರ ಮೇಲೆ ಇದು ಯಾರಿಂದಲೂ ಆಗುತ್ತದೆ.

ಹೊಲಿಗೆಯ ಕೆಳಮೈಯಲ್ಲಿ ದಾರ ಗುಂಜುಗುಂಜಾಗಿ ಕಂಡರೆ ಎಲ್ಲರೂ ಕೆಳದಾರದ ಬಾಬಿನ್ ಬೈಯುತ್ತಾರೆ. ತಪ್ಪು ಬಹುತೇಕ ಮೇಲಿನ ದಾರದ್ದು. ಅದು ಬಿಗಿ ಮಾಡುವ ತಟ್ಟೆಗಳ ನಡುವೆ ಕೂತಿರುವುದಿಲ್ಲ. ಪಾದ ಮೇಲೆತ್ತಿ ಮೇಲಿನ ದಾರವನ್ನು ಮೊದಲಿನಿಂದ ಏರಿಸಿ. ಶುರುವಿನಲ್ಲಿ ಮಾತ್ರ ಗಂಟಾದರೆ, ಮೊದಲ ನಾಲ್ಕೈದು ಟಾಕಿ ಹಾಕುವಾಗ ಎರಡೂ ದಾರದ ತುದಿಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ನಡುನಡುವೆ ಟಾಕಿ ತಪ್ಪುತ್ತಿದ್ದರೆ ಸೂಜಿ ಬಾಗಿದೆ ಅಥವಾ ಮೊಂಡಾಗಿದೆ, ಬದಲಿಸಿ.

ಯಂತ್ರ ಇಲ್ಲದಿದ್ದರೆ ಕೈಹೊಲಿಗೆಯೂ ಆದೀತು, ಆದರೆ ಬರೀ ಓಡುಹೊಲಿಗೆ ಸಾಲದು. ಒಂದು ಎಳೆ ಕಡಿದರೆ ಸಾಲು ಪೂರ್ತಿ ಸರಿದುಬರುತ್ತದೆ. ಸೂಜಿಯನ್ನು ಒಂದು ಹೆಜ್ಜೆ ಹಿಂದೆ ಚುಚ್ಚಿ ಎರಡು ಹೆಜ್ಜೆ ಮುಂದೆ ತೆಗೆಯುವ ಹೊಲಿಗೆಯನ್ನೇ ಹಾಕಿ. ದಾರ ಅರ್ಧ ಮೀಟರಿಗಿಂತ ಉದ್ದ ಬೇಡ, ಸಿಕ್ಕು ಬೀಳುತ್ತದೆ. ಎಂಟು ಹತ್ತು ವರ್ಷದ ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ. ಅವರ ಸೊಟ್ಟ ಸಾಲನ್ನು ಬಿಚ್ಚಬೇಡಿ, ಅದರ ಪಕ್ಕದಲ್ಲಿ ನಿಮ್ಮದೊಂದು ಗಟ್ಟಿ ಸಾಲು ಹಾಕಿ.

ಲಾಡಿ

4ರಿಂದ 5 ಮಿ.ಮೀ. ದಪ್ಪದ ಹತ್ತಿ ಹುರಿ, ಚೀಲಕ್ಕೆ 160 ಸೆಂ.ಮೀ.ನ ಎರಡು ತುಂಡು. ಹನ್ನೆರಡು ಚೀಲಕ್ಕೆ ಸುಮಾರು 40 ಮೀಟರ್. ನೈಲಾನ್ ಹುರಿ ನುಣುಪು, ಗಂಟು ನಿಲ್ಲುವುದಿಲ್ಲ. ಹೆಗಲಿಗೂ ಕೊರೆಯುತ್ತದೆ.

ಹುರಿಯ ತುದಿಗೆ ಸೇಫ್ಟಿ ಪಿನ್ ಸಿಕ್ಕಿಸಿ, ಬಲಗಡೆಯ ಸೀಳಿನಿಂದ ಒಳಹೊಕ್ಕು ಮುಂದಿನ ಮಡಿಕೆ ದಾಟಿ, ಹಿಂದಿನ ಮಡಿಕೆಯಲ್ಲಿ ಮರಳಿ ಬಲಗಡೆಯೇ ಹೊರತೆಗೆಯಿರಿ. ಎರಡನೆಯ ಹುರಿ ಎಡಗಡೆಯಿಂದ ಹೊರಟು ಎಡಗಡೆಗೇ ಬರಲಿ. ಆರೇಳು ವರ್ಷದವರಿಗೆ ಇದು ಬಲು ಇಷ್ಟದ ಕೆಲಸ. ಬಲಗಡೆಯ ಎರಡು ತುದಿಗಳನ್ನು ಬಲ ಕುಣಿಕೆಯಲ್ಲಿ, ಎಡಗಡೆಯವನ್ನು ಎಡ ಕುಣಿಕೆಯಲ್ಲಿ ತೂರಿಸಿ ಜೋಡಿಗಂಟು ಹಾಕಿ. ಎಳೆದರೆ ಬಾಯಿ ಮುಚ್ಚುತ್ತದೆ, ಹುರಿಯೇ ಹೆಗಲಪಟ್ಟಿಯಾಗುತ್ತದೆ. ಒಬ್ಬರು ಹೊಲಿದದ್ದನ್ನು ಇನ್ನೊಬ್ಬರು ಎಳೆದು ನೋಡಲಿ.

ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳಿಗೆ ಈ ಚೀಲ ಕೊಡಬೇಡಿ. ಉದ್ದ ಹುರಿ ಕತ್ತಿಗೆ ಸುತ್ತಿಕೊಳ್ಳುವ ಅಪಾಯ ನಿಜವಾದದ್ದು. ಅವರಿಗೆ ಲಾಡಿಯಿಲ್ಲದೆ, ಗಿಡ್ಡ ಹಿಡಿಕೆಯ ಚೀಲ ಹೊಲಿಯಿರಿ. ಮಣಿ, ಮಿಣುಕು, ಗುಂಡಿಗಳ ಅಲಂಕಾರವೂ ಅವರ ಚೀಲಕ್ಕೆ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ.

ಕೊಡುವ ಮೊದಲು

ಮುಗಿದ ಚೀಲಗಳಲ್ಲಿ ಒಂದಕ್ಕೆ 2 ಕಿಲೋ ತುಂಬಿ ರಾತ್ರಿಯಿಡೀ ಲಾಡಿಯಿಂದ ತೂಗುಹಾಕಿ. ಬೆಳಿಗ್ಗೆ ಸೀಳಿನ ಬುಡ ಮತ್ತು ಕುಣಿಕೆ ನೋಡಿ. ಅಲ್ಲಿ ಟಾಕಿ ಬಾಯಿಬಿಟ್ಟಿದ್ದರೆ ಎಲ್ಲ ಚೀಲಕ್ಕೂ ಇನ್ನೊಂದು ಸಾಲು. ಕೆಲಸ ಶುರುಮಾಡುವಾಗ ಪಿನ್ನುಗಳನ್ನು ಎಣಿಸಿಟ್ಟಿರಿ, ಮುಗಿದಾಗ ಮತ್ತೆ ಎಣಿಸಿ. ಲೆಕ್ಕ ತಪ್ಪಿದರೆ ಪ್ರತಿ ಚೀಲದ ಒಳಹೊರಗೆ ಅಯಸ್ಕಾಂತ ಆಡಿಸಿ.

ಒಳಗೆ ಇಡುವುದಾದರೆ ಎಲ್ಲ ಚೀಲದಲ್ಲೂ ಒಂದೇ ಸಾಮಾನು, ಒಂದೇ ಸಂಖ್ಯೆ. ಎರಡು ನೋಟ್‌ಬುಕ್ಕು, ನಾಲ್ಕು ಪೆನ್ಸಿಲ್, ರಬ್ಬರ್, ಶಾರ್ಪನರ್, ಮೇಣದ ಬಣ್ಣಗಳ ಒಂದು ಪೆಟ್ಟಿಗೆ. ನೋಟ್‌ಬುಕ್ಕಿಗೆ ಗೆರೆ ಇರಬೇಕೇ, ಚೌಕ ಇರಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಪೆನ್ಸಿಲುಗಳನ್ನು ಬಿಡಿಯಾಗಿ ಹಾಕಿದರೆ ಮೊನೆ ಬಟ್ಟೆಯನ್ನು ತೂತು ಮಾಡುತ್ತದೆ. ಸಾಬೂನು ಇಟ್ಟರೆ ಪುಸ್ತಕಕ್ಕೆಲ್ಲ ಅದರದೇ ವಾಸನೆ. ಮನೆಯಲ್ಲಿ ಉಳಿದ ಅರ್ಧ ಪೆನ್ಸಿಲು, ಬರೆದು ಬಿಟ್ಟ ನೋಟ್‌ಬುಕ್ಕುಗಳನ್ನು ತುಂಬಿಸಬೇಡಿ. ಒಟ್ಟು ತೂಕ ಒಂದು ಕಿಲೋ ದಾಟದಿರಲಿ, ಹುರಿ ತೆಳ್ಳಗಿದೆ, ಹೆಗಲು ಎಳೆಯದು.

ಚೀಲದ ಮೇಲೆ ಕೊಟ್ಟವರ ಹೆಸರು ಬರೆಯಬೇಡಿ, "ಪ್ರೀತಿಯಿಂದ" ಎಂದೂ ಬೇಡ. ಶಾಲೆಯಲ್ಲಿ ಅದನ್ನು ನೋಡಿದವರೆಲ್ಲರಿಗೂ ಇದು ದಾನಕ್ಕೆ ಬಂದದ್ದೆಂದು ಗೊತ್ತಾಗುತ್ತದೆ. ಹೆಸರು ಬರೆದುಕೊಳ್ಳಲು ಒಳಗಡೆ ಒಂದು ಬಿಳಿ ಪಟ್ಟಿ ಹೊಲಿದು ಖಾಲಿ ಬಿಡಿ, ಮಗು ತನ್ನ ಹೆಸರನ್ನೇ ಬರೆದುಕೊಳ್ಳಲಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವುದೂ ಬೇಡ. ಚೀಲಗಳನ್ನು ಅಲ್ಲಿನ ಮೇಲ್ವಿಚಾರಕರ ಕೈಗೆ ಕೊಟ್ಟು, ಮಕ್ಕಳೇ ಆರಿಸಿಕೊಳ್ಳುವಂತೆ ಹರಡಿಡಲು ಹೇಳಿ. ಹತ್ತು ಮಕ್ಕಳಿಗೆ ಹನ್ನೆರಡು ಚೀಲ ಎಂದು ಲೆಕ್ಕ ಹಿಡಿದದ್ದು ಇದಕ್ಕೇ: ಸರದಿಯ ಕೊನೆಯಲ್ಲಿ ನಿಂತ ಮಗುವಿಗೂ ಮೂರರಲ್ಲಿ ಒಂದನ್ನು ಆರಿಸುವ ಅವಕಾಶ ಉಳಿಯುತ್ತದೆ.

ಜೊತೆಗೆ ಒಂದು ಲಕೋಟೆಯಲ್ಲಿ ನಾಲ್ಕು ಹುರಿ ಮತ್ತು ಒಂದು ದೊಡ್ಡ ಸೇಫ್ಟಿ ಪಿನ್ ಹಾಕಿ ಮೇಲ್ವಿಚಾರಕರಿಗೆ ಕೊಡಿ. ಮೊದಲ ವಾರದಲ್ಲೇ ಯಾರಾದರೊಬ್ಬರು ಲಾಡಿ ಪೂರ್ತಿ ಎಳೆದುಕೊಂಡಿರುತ್ತಾರೆ.