ಹಳೇ ಜೋಡುನಳಿಗೆ ಬಂದೂಕು: ಮುಂಗಡ ಕೊಡುವ ಮುನ್ನ ಹೀಗೆ ನೋಡಿ

ಮೆಕ್ಕೆಜೋಳ ಹಾಲುಗಟ್ಟುವ ಹೊತ್ತಿಗೆ ಜಗಳೂರು ಕಡೆಯ ಹೊಲಗಳಲ್ಲಿ ರಾತ್ರಿ ನಿದ್ದೆ ಇರುವುದಿಲ್ಲ. ಹಂದಿ ಹಿಂಡು ಒಮ್ಮೆ ನುಗ್ಗಿದರೆ ತಿನ್ನುವುದಕ್ಕಿಂತ ಮುರಿದು ಕೆಡವುವುದೇ ಜಾಸ್ತಿ. ಚಳ್ಳಕೆರೆ ಕಡೆ ಶೇಂಗಾ ಹೊಲದಲ್ಲಿ ಮೂತಿಯಿಂದಲೇ ಸಾಲು ಉತ್ತು ಕಾಯಿ ಎತ್ತುತ್ತವೆ. ಪಟಾಕಿ ಸಿಡಿಸಿ, ಡಬ್ಬ ಬಡಿದು, ಹಳೇ ಸೀರೆ ಕಟ್ಟಿ ಸಾಕಾದವರು ಬೆಳೆ ರಕ್ಷಣೆಯ ಬಂದೂಕು ಲೈಸೆನ್ಸ್‌ಗೆ ಅರ್ಜಿ ಹಾಕುತ್ತಾರೆ. ಲೈಸೆನ್ಸ್ ಕೈಗೆ ಬಂದ ಸುದ್ದಿ ಹರಡುತ್ತಲೇ ಯಾರೋ ಒಬ್ಬರು ಬಂದು, "ನಮ್ಮ ಅಪ್ಪಾಜಿದೊಂದು ಜೋಡುನಳಿಗೆ ಐತೆ ಕಣಣ್ಣ, ಇಂಗ್ಲೆಂಡಿಂದು, ಒಂದ್ಸಲ ನೋಡು" ಎನ್ನುತ್ತಾರೆ.

ಹೋಗಿ ನೋಡಿ. ಆದರೆ ಹೇಗೆ ನೋಡಬೇಕು ಅಂತ ತಿಳಿದುಕೊಂಡು ಹೋಗಿ. ನಮ್ಮ ದೊಡ್ಡಪ್ಪ ಹೊಳಪು ನೋಡಿ ಕೊಂಡರು. ಬೆಳ್ಳಿಯಂಥ ಪಟ್ಟಿ, ಅದರ ಮೇಲೆ ಬಳ್ಳಿಯ ಕೆತ್ತನೆ, ಎಣ್ಣೆ ಹಚ್ಚಿದ ವಾಲ್‌ನಟ್ ಮರ. ಎಂಟು ವರ್ಷದಲ್ಲಿ ಆ ಬಂದೂಕಿನ ಕೀಲು ಅಲ್ಲಾಡತೊಡಗಿತು. ಕಾರಣ ಗೊತ್ತಾಗಿದ್ದು ರಿಪೇರಿಗೆ ಕೊಟ್ಟಾಗ: ಆ ಬಂದೂಕಿಗೆ ಹೊಂದದ ಉದ್ದದ ತೋಟೆಗಳನ್ನು ಇಷ್ಟು ವರ್ಷ ಹಾಕಿದ್ದರು. ಕೈಯಿಗೋ ಕಣ್ಣಿಗೋ ಏನೂ ಆಗಲಿಲ್ಲ, ಅದೇ ಪುಣ್ಯ. ಒಂದು ಸ್ಟೀಲ್ ಸ್ಕೇಲ್ ಇದ್ದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು.

ಮೊದಲು ಕಾಗದ

ಆಯುಧ ಕಾಯ್ದೆ 1959ರ ಪ್ರಕಾರ ಒಬ್ಬರ ಲೈಸೆನ್ಸ್ ಬಂದೂಕನ್ನು ಇನ್ನೊಬ್ಬರು ಸುಮ್ನೆ ಕೊಂಡು ಮನೆಗೆ ತರುವಂತಿಲ್ಲ. ಮಾರುವವರು ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಇಲ್ಲವೇ ಹತ್ತಿರದ ಪೊಲೀಸ್ ಠಾಣೆಯ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಕೊಳ್ಳುವವರ ಹೆಸರು, ವಿಳಾಸ ಅದರಲ್ಲಿರಬೇಕು. ಆಮೇಲೆ ಕನಿಷ್ಠ 45 ದಿನ ಕಾಯಬೇಕು. ನಮ್ಮಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಎಂದರೆ ಡಿಸಿ ಸಾಹೇಬರೇ. ಹಾಗಾಗಿ "ಇವತ್ತು ಒಯ್ದು ನೋಡಿ, ಬೇಡ ಅನ್ನಿಸಿದರೆ ನಾಳೆ ಕೊಡಿ" ಎಂಬ ಮಾತಿಗೆ ಒಪ್ಪಲೇಬೇಡಿ. ಮಾರುವವರ ಮನೆಯಲ್ಲಿ, ಅವರ ಎದುರಲ್ಲೇ ನೋಡಿ. ಲೈಸೆನ್ಸ್ ಇರುವ ಡೀಲರ್ ಅಂಗಡಿಯಲ್ಲಾದರೆ ಇನ್ನೂ ಒಳ್ಳೆಯದು.

ಬಂದೂಕಿನ ಮೈಮೇಲಿನ ನಂಬರ್ ಮಾರುವವರ ಲೈಸೆನ್ಸ್‌ನಲ್ಲಿ ಇರುವ ನಂಬರಿಗೆ ಅಕ್ಷರ ಬಿಡದಂತೆ ಹೊಂದಬೇಕು. ನಳಿಗೆಯ ಮೇಲಿನ ನಂಬರ್, ಕೆಳಗಿನ ಕಬ್ಬಿಣದ ಭಾಗದ ನಂಬರ್, ಮುಂಗೈ ಹಿಡಿಯುವ ಮರದ ಭಾಗದ ನಂಬರ್, ಈ ಮೂರೂ ಒಂದೇ ಇರಬೇಕು. ಒಂದು ಬೇರೆಯಾಗಿದ್ದರೆ ಯಾವುದೋ ಬಂದೂಕಿನ ನಳಿಗೆಯನ್ನು ಯಾವುದಕ್ಕೋ ಕೂಡಿಸಿದ್ದಾರೆ ಎಂದರ್ಥ. ನಂಬರನ್ನು ಉಜ್ಜಿದ ಗುರುತು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು ಮಾತು. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಅವಧಿ 5 ವರ್ಷ. ಮನೆಯಲ್ಲಿ ಹಿರಿಯರದ್ದು ಇದ್ದರೆ ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವ ದಾರಿ ಇದೆಯೇ ಎಂದು ಮೊದಲು ಕೇಳಿ ನೋಡಿ. ಕೊಳ್ಳುವ ಖರ್ಚೇ ಉಳಿಯುತ್ತದೆ.

ಮಡಚುವ ಕಾರ್ಬೈನ್ ಯಾಕಲ್ಲ?

ಹುಡುಗರು ಮೊಬೈಲಿನಲ್ಲಿ ತೋರಿಸುತ್ತಾರೆ: "ದೊಡ್ಡಪ್ಪ, ಇದು ನೋಡು, ಅರ್ಧಕ್ಕೆ ಮಡಚಿ ಚೀಲದಲ್ಲಿ ಇಡಬಹುದು." ಅಮೆರಿಕದ ಕೆಲ್‌ಟೆಕ್ ಕಂಪನಿಯ ಸಬ್-2000 ಅಂಥದ್ದು. ಪಿಸ್ತೂಲಿನ ತೋಟೆಯನ್ನೇ ಉದ್ದ ನಳಿಗೆಯಲ್ಲಿ ಹಾರಿಸುವ ಹಗುರ ಬಂದೂಕು. ನಮ್ಮ ದೇಶದಲ್ಲಿ 9 ಎಂಎಂ ತೋಟೆಯೇ ನಿಷೇಧಿತ ಬೋರ್, ಅಂದರೆ ನಿಷೇಧಿತ ಅಳತೆ. ಟ್ರಿಗರ್ ಎಳೆದ ಹಾಗೆ ತಾನೇ ತೋಟೆ ತುಂಬಿಕೊಳ್ಳುವ ಅಂಥ ಬಂದೂಕುಗಳೂ ನಿಷೇಧಿತ ಗುಂಪಿನಲ್ಲೇ ಬರುತ್ತವೆ. ರೈತರಿಗೆ ಅದು ಸಿಗುವುದಿಲ್ಲ.

ಸಿಕ್ಕರೂ ಹೊಲಕ್ಕೆ ಅದು ತಕ್ಕದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 9 ಎಂಎಂ ಗುಂಡು ತಪ್ಪಿದರೆ ಒಂದು ಕಿಲೋಮೀಟರ್ ಮೀರಿ ಹೋಗುತ್ತದೆ. ಪಕ್ಕದ ಹೊಲದಲ್ಲಿ ನೀರು ಕಟ್ಟಲು ಯಾರು ಬಂದಿರುತ್ತಾರೋ ಯಾರಿಗೆ ಗೊತ್ತು? 12 ಬೋರ್ ಬಂದೂಕಿನ 4ನೇ ನಂಬರ್ ಚರೆ ಸುಮಾರು 250 ಮೀಟರಿನೊಳಗೆ ನೆಲಕ್ಕೆ ಬೀಳುತ್ತದೆ. ದಪ್ಪ ಚರೆ, ಅಂದರೆ ಎಸ್‌ಜಿ, 600 ಮೀಟರ್ ದಾಟಬಹುದು. ಹಾಗಾಗಿ ಅದನ್ನೂ ಹಗುರವಾಗಿ ಎಣಿಸುವಂತಿಲ್ಲ. ಇನ್ನು ಒಯ್ಯುವ ಅನುಕೂಲದ ಮಾತಿಗೆ ಬಂದರೆ, ಜೋಡುನಳಿಗೆಯನ್ನೂ ಅರ್ಧ ನಿಮಿಷದಲ್ಲಿ ಮೂರು ತುಂಡಾಗಿ ಬಿಚ್ಚಿ ಪೆಟ್ಟಿಗೆಗೆ ಇಡಬಹುದು. ಮುಂಗೈ ಮರ ತೆಗೆದರೆ ನಳಿಗೆ ಕಳಚುತ್ತದೆ, ಅಷ್ಟೇ.

ಕೈಗೆತ್ತಿಕೊಂಡು ನೋಡುವುದು

ಕೈಗೆ ಬಂದ ತಕ್ಷಣ ಬಂದೂಕನ್ನು ಕೀಲಿನ ಬಳಿ ಬಗ್ಗಿಸಿ ತೆರೆದು ಎರಡೂ ನಳಿಗೆ ಖಾಲಿ ಇವೆಯೇ ನೋಡಿ. "ಖಾಲಿ ಐತೆ" ಎಂದು ಹತ್ತು ಜನ ಹೇಳಿದರೂ ನಿಮ್ಮ ಕಣ್ಣಿನಿಂದಲೇ ನೋಡಿ. ನಳಿಗೆಯ ಬಾಯಿ ಯಾವಾಗಲೂ ಜನರಿಲ್ಲದ ಕಡೆ ಇರಲಿ.

ಹೋಗುವಾಗ ಒಂದು ಸ್ಟೀಲ್ ಸ್ಕೇಲ್, ಅಳತೆ ಟೇಪ್, ತೆಳು ಕಾಗದದ ಪಟ್ಟಿ, ಕೊಕ್ಕೆ ತಕ್ಕಡಿ ಮತ್ತು ಎರಡು ಡಮ್ಮಿ ತೋಟೆ ಒಯ್ಯಿರಿ. ಡಮ್ಮಿ ತೋಟೆ ಡೀಲರ್ ಬಳಿ ಸಿಗುತ್ತದೆ. ಅದಿಲ್ಲದೆ ಖಾಲಿ ಬಂದೂಕಿನ ಟ್ರಿಗರ್ ಎಳೆದರೆ ಒಳಗಿನ ಸೂಜಿ ಮುರಿಯುವ ಭಯ ಇರುತ್ತದೆ.

ಮೊದಲು ನಳಿಗೆಯ ಉದ್ದ ಅಳೆಯಿರಿ. ಇಪ್ಪತ್ತು ಇಂಚಿಗಿಂತ ಗಿಡ್ಡ ನಳಿಗೆ ನಿಷೇಧಿತ ಗುಂಪಿಗೆ ಸೇರುತ್ತದೆ. ಬಾಯಿ ಒಡೆದಿದೆ ಎಂದು ಯಾರೋ ಹಿಂದೆ ಗರಗಸ ಹಾಕಿಸಿರಬಹುದು. ಲೈಸೆನ್ಸ್ ಇಲ್ಲದೆ ನಳಿಗೆ ಕತ್ತರಿಸುವುದೇ ಅಪರಾಧ. ಆ ತಪ್ಪು ನಿಮ್ಮ ತಲೆಗೆ ಬರುವುದು ಬೇಡ.

ಆಮೇಲೆ ನಳಿಗೆ ಕಳಚಿ ಬೆಳಕಿಗೆ ಹಿಡಿದು ನೋಡಿ. ಕಿಟಕಿಯ ಬೆಳಕು ಸಾಕು, ಟಾರ್ಚ್ ಬೇಡ. ಒಳಗೆ ಬೆಳಕಿನ ಉಂಗುರಗಳು ಸಾಲಾಗಿ, ನೇರವಾಗಿ ಕಾಣಬೇಕು. ಒಂದು ಕಡೆ ಉಂಗುರ ಸೊಟ್ಟಗಾಗಿ ನೆರಳು ಬಿದ್ದರೆ ಅಲ್ಲಿ ತಗ್ಗು ಇದೆ. ಕಪ್ಪು ಬಳೆಯಂತೆ ಸುತ್ತ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಹೊರಗಿನಿಂದ ಬೆರಳು ಆಡಿಸಿದರೆ ಅದೇ ಜಾಗ ಸಿಗುತ್ತದೆ. ತಗ್ಗನ್ನು ಗನ್‌ಸ್ಮಿತ್, ಅಂದರೆ ಬಂದೂಕು ರಿಪೇರಿ ಮಾಡುವವರು, ಸರಿ ಮಾಡಬಲ್ಲರು. ಉಬ್ಬಿದ ನಳಿಗೆ ಬೇಡವೇ ಬೇಡ. ಸಿಡುಬಿನ ಕಲೆಯಂತೆ ತುಕ್ಕಿನ ಗುಂಡಿಗಳಿದ್ದರೆ ಎಷ್ಟು ಆಳ ಎಂದು ನೋಡಿ. ಒಳಗೆ ಕನ್ನಡಿಯಂತೆ ಹೊಳೆಯುವ ನಳಿಗೆಗೆ ಮರುಳಾಗಬೇಡಿ. ಗುಂಡಿ ಮುಚ್ಚಲು ಉಜ್ಜಿ ಉಜ್ಜಿ ಗೋಡೆ ತೆಳುವಾಗಿರಬಹುದು. ಯಾವ ಕಡೆಯೂ ಅರ್ಧ ಮಿಲಿಮೀಟರಿಗಿಂತ ತೆಳು ಇರಬಾರದು. ಇದನ್ನು ಅಳೆಯುವ ಉಪಕರಣ ಗನ್‌ಸ್ಮಿತ್ ಬಳಿ ಇರುತ್ತದೆ.

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತೇವಲ್ಲ, ನಳಿಗೆಯನ್ನೂ ಹಾಗೆಯೇ ಬಡಿಯಿರಿ. ಕೆಳಗಿನ ಕೊಕ್ಕೆಗೆ ಬೆರಳು ಹಾಕಿ ನಳಿಗೆಯನ್ನು ನೇತಾಡಿಸಿ, ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಬಂದರೆ ಎರಡು ನಳಿಗೆಗಳ ಬೆಸುಗೆ ಗಟ್ಟಿ ಇದೆ. ಒಡಕು ದನಿಯೋ ಗರಗರ ಸದ್ದೋ ಬಂದರೆ ನಡುವಿನ ಪಟ್ಟಿ ಬಿಟ್ಟಿದೆ. ಮೊದಲ ಸಲ ಈ ನಾದ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ಒಳ್ಳೆ ಕಬ್ಬಿಣ ಅಷ್ಟು ಸ್ಪಷ್ಟವಾಗಿ ಮಾತಾಡುತ್ತದೆ.

ನಳಿಗೆಯ ಮೈಮೇಲೆ ಕಂದು ಸುರುಳಿ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುತ್ತಿ, ಬೆಸೆದು ಮಾಡಿದ್ದು. ನೋಡಲು ಬಲು ಚಂದ. ಕರಿಮದ್ದಿನ ಕಾಲದ್ದು ಅದು. ಇಂದಿನ ಹೊಗೆಯಿಲ್ಲದ ಮದ್ದಿನ ತೋಟೆ ಅದಕ್ಕೆ ಬೇಡ. ಗೋಡೆಗೆ ತೂಗುಹಾಕಲು ಕೊಳ್ಳುವುದಾದರೂ ಲೈಸೆನ್ಸ್ ಲೆಕ್ಕದಲ್ಲಿ ಅದೂ ಒಂದು ಬಂದೂಕೇ ಎಂಬುದು ನೆನಪಿರಲಿ.

ತೋಟೆಯ ಮನೆ ಅಳೆಯುವುದು

ದೊಡ್ಡಪ್ಪನಿಂದ ತಪ್ಪಿಹೋದದ್ದು ಇಲ್ಲೇ. ಇದನ್ನು ನಿಧಾನವಾಗಿ ಓದಿ.

12 ಬೋರ್ ಎಂದರೆ ನಳಿಗೆಯ ಒಳಗಿನ ಅಡ್ಡಳತೆ ಸುಮಾರು 18.5 ಮಿಲಿಮೀಟರ್. ಆ ಅಳತೆಯ ಹನ್ನೆರಡು ಸೀಸದ ಗುಂಡು ಸೇರಿದರೆ ಒಂದು ಪೌಂಡ್ ತೂಗುತ್ತದೆ. ಹೆಸರು ಬಂದದ್ದು ಅದರಿಂದ. ತೋಟೆ ಕೂರುವ ಜಾಗ ಇದಕ್ಕಿಂತ ತುಸು ಅಗಲ. ಆ ಜಾಗ ಮುಗಿದ ಕಡೆ ಒಳಗೋಡೆ ಕೊಳವೆಯ ಬಾಯಿಯಂತೆ ಕಿರಿದಾಗುತ್ತದೆ. ಹಳೇ ಇಂಗ್ಲಿಷ್ ಬಂದೂಕುಗಳಲ್ಲಿ ಈ ಜಾಗದ ಉದ್ದ ಬಹಳ ಸಲ 65 ಮಿಲಿಮೀಟರ್, ಅಂದರೆ ಎರಡೂವರೆ ಇಂಚು. ಈಗಿನ ತೋಟೆ ಹೆಚ್ಚಾಗಿ 70 ಮಿಲಿಮೀಟರ್, ಎರಡೂಮುಕ್ಕಾಲು ಇಂಚು.

ಮೋಸ ಇರುವುದು ಇಲ್ಲಿ. 70ರ ತೋಟೆ 65ರ ಬಂದೂಕಿನೊಳಗೆ ಸರಾಗವಾಗಿ ಕೂರುತ್ತದೆ. ಯಾಕೆಂದರೆ ತೋಟೆಯ ಬಾಯಿ ಮಡಚಿರುತ್ತದೆ, ಹಾರಿಸುವ ಮೊದಲು ಅದು 60 ಮಿಲಿಮೀಟರಿನ ಆಸುಪಾಸು ಮಾತ್ರ. ಪೆಟ್ಟಿಗೆ ಮೇಲೆ ಬರೆದ 70 ಎಂಬುದು ಹಾರಿದ ಮೇಲಿನ ಉದ್ದ. ಹಾರಿದಾಗ ಮಡಿಕೆ ಬಿಚ್ಚಿಕೊಂಡು ಆ ಕಿರಿದಾದ ಕೊಳವೆಯೊಳಗೆ ತುರುಕಿಕೊಳ್ಳುತ್ತದೆ. ಚರೆ ಹೋಗುವ ದಾರಿ ಸಣ್ಣದಾಗುತ್ತದೆ, ಒತ್ತಡ ಏರುತ್ತದೆ. ಒಂದೇ ದಿನ ಏನೂ ಆಗದಿರಬಹುದು. ಪ್ರತಿ ಸಲವೂ ಕೀಲಿಗೆ ಪೆಟ್ಟು ಬೀಳುತ್ತಿರುತ್ತದೆ. ನಳಿಗೆ ಮೊದಲೇ ತೆಳುವಾಗಿದ್ದರೆ ಸಿಡಿಯಲೂಬಹುದು.

ನಳಿಗೆ ಕಳಚಿದಾಗ ಹಿಂಭಾಗದ ಚಪ್ಪಟೆ ಜಾಗ ನೋಡಿ. ಅಲ್ಲಿ ಪರೀಕ್ಷಾ ಮುದ್ರೆಗಳಿರುತ್ತವೆ. 65, 70 ಅಥವಾ ಇಂಚಿನ ಲೆಕ್ಕ ಅಲ್ಲೇ ಕೊರೆದಿರಬಹುದು. ಬರ್ಮಿಂಗ್‌ಹ್ಯಾಮ್ ಮುದ್ರೆಯಾದರೆ ಕಿರೀಟದ ಕೆಳಗೆ ಎನ್‌ಪಿ ಅಥವಾ ಬಿಎನ್‌ಪಿ ಅಕ್ಷರ ಹುಡುಕಿ. ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಎಂಬುದರ ಗುರುತು ಅದು. ಮುದ್ರೆ ಅಳಿಸಿದ್ದರೆ ಸ್ಕೇಲನ್ನು ತೋಟೆಯ ಮನೆಯ ಗೋಡೆಗೆ ಒತ್ತಿ ಮುಂದಕ್ಕೆ ಸರಿಸಿ. ಕೊಳವೆ ಶುರುವಾಗುವ ಅಂಚಿಗೆ ಅದು ತಟ್ಟಿ ನಿಲ್ಲುತ್ತದೆ. ಅಲ್ಲಿಯವರೆಗಿನ ಅಳತೆ ಓದಿ, ಎರಡೂ ನಳಿಗೆಯಲ್ಲಿ ಮೂರು ಮೂರು ಸಲ. ಇದು ಅಂದಾಜು. ಮುಂಗಡ ಕೊಡುವ ಮೊದಲು ಗನ್‌ಸ್ಮಿತ್ ಗೇಜ್ ಹಾಕಿ ಖಾತ್ರಿ ಮಾಡಲಿ. 65 ಎಂದು ಗೊತ್ತಾದರೆ ಬಂದೂಕು ಕೆಟ್ಟದ್ದು ಎಂದಲ್ಲ. ಅದಕ್ಕೆ 65ರ ತೋಟೆ ನಿಮಗೆ ಸಿಗುತ್ತದೆಯೇ ಎಂದು ವಿಚಾರಿಸಿ ಆಮೇಲೆ ತೀರ್ಮಾನಿಸಿ.

ಕೀಲು, ಟ್ರಿಗರ್, ಮರ

ಮುಂಗೈ ಮರ ತೆಗೆದು, ನಳಿಗೆ ಮಾತ್ರ ಕೂಡಿಸಿ, ಮುಚ್ಚಿ. ಹಿಡಿ ಹಿಡಿದು ಅಲ್ಲಾಡಿಸಿ. ಕಟಕಟ ಎಂದರೆ ಕೀಲು ಸವೆದಿದೆ. ಮರ ಹಾಕಿದ್ದಾಗ ಆ ಅಲುಗಾಟ ಮುಚ್ಚಿಹೋಗುತ್ತದೆ, ಅದಕ್ಕೇ ತೆಗೆಯಬೇಕು. ಕಾಗದದ ಪಟ್ಟಿಯನ್ನು ನಳಿಗೆಯ ಹಿಂಬದಿಗೆ ಇಟ್ಟು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಹಿಡಿದಿರಬೇಕು. ಮೇಲಿನ ಲಿವರ್ ಮುಚ್ಚಿದಾಗ ನಡುಗೆರೆಯ ಬಲಕ್ಕೋ ನಡುವಿಗೋ ನಿಂತರೆ ಸರಿ. ಎಡಕ್ಕೆ ದಾಟಿ ಹೋಗಿದ್ದರೆ ತುಂಬಾ ದುಡಿದ ಬಂದೂಕು ಅದು.

ಡಮ್ಮಿ ತೋಟೆ ಹಾಕಿ ಟ್ರಿಗರ್ ನೋಡಿ. ಸಾಮಾನ್ಯವಾಗಿ ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡ ನಳಿಗೆಗೆ. ಕೊಕ್ಕೆ ತಕ್ಕಡಿಯಿಂದ ಮೆಲ್ಲಗೆ ಎಳೆದರೆ ಮುಂದಿನದು 1.6ರಿಂದ 1.8 ಕಿಲೋ ಹತ್ತಿರ ಬೀಳಬೇಕು. ಹಿಂದಿನದು ಸ್ವಲ್ಪ ಜಾಸ್ತಿ ಇರುತ್ತದೆ. ಒಂದೂವರೆ ಕಿಲೋಗೂ ಕಡಿಮೆಗೆ ಬಿದ್ದರೆ ಅಪಾಯ. ಸೇಫ್ಟಿ ಹಾಕಿ ಎರಡೂ ಟ್ರಿಗರ್ ಜೋರಾಗಿ ಎಳೆದು ಬಿಡಿ, ಆಮೇಲೆ ಸೇಫ್ಟಿ ತೆಗೆಯಿರಿ. ಆಗ ಟಕ್ ಎಂದರೆ ಕೊಳ್ಳಬೇಡಿ. ಬಟ್, ಅಂದರೆ ಭುಜಕ್ಕೆ ಒತ್ತುವ ಹಿಂಬದಿಯ ಮರ, ಅದನ್ನು ರಬ್ಬರ್ ಚಾಪೆಗೆ ಮೆಲ್ಲಗೆ ಕುಟ್ಟಿದಾಗಲೂ ಟಕ್ ಎನ್ನಬಾರದು.

ಮರದಲ್ಲಿ ನೋಡಬೇಕಾದದ್ದು ಕಬ್ಬಿಣ ಸೇರುವ ಜಾಗ. ಅಲ್ಲಿ ಕೂದಲೆಳೆಯಷ್ಟು ಸೀಳು ಇದ್ದರೂ ಹೊಡೆದಂತೆಲ್ಲ ಬೆಳೆಯುತ್ತದೆ. ಹಿತ್ತಾಳೆ ತಗಡು ಸುತ್ತಿದ್ದರೆ ಅದರ ಕೆಳಗೆ ಏನಿದೆ ಎಂದು ಕೇಳಿ. ಊರ ಕಮ್ಮಾರರ ಹತ್ತಿರ ರಿಪೇರಿ ಮಾಡಿಸಿಕೊಂಡರಾಯ್ತು ಎಂದುಕೊಳ್ಳಬೇಡಿ. ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು. ಅವರನ್ನೂ ಸಂಕಷ್ಟಕ್ಕೆ ದೂಡಿದಂತಾಗುತ್ತದೆ.

2023ರ ಮೇ ವಿಧಾನಸಭೆ ಚುನಾವಣೆ, 2024ರ ಲೋಕಸಭೆ ಚುನಾವಣೆ ಹೊತ್ತಿಗೆ ಠಾಣೆಯಲ್ಲಿ ಠೇವಣಿ ಇಟ್ಟಿದ್ದಿರಾ, ತಂದ ಮೇಲೆ ಎಣ್ಣೆ ಹಾಕಿದಿರಾ ಎಂದು ಮಾರುವವರನ್ನು ಕೇಳಿ. ವಾರಗಟ್ಟಲೆ ಒರಸದೆ ನಿಂತ ಬಂದೂಕಿಗೆ ಮರ ಮತ್ತು ಕಬ್ಬಿಣದ ಸಂದಿಯಲ್ಲಿ ತುಕ್ಕು ಹಿಡಿದಿರುತ್ತದೆ. ಮೇಲ್ನೋಟಕ್ಕೆ ಅದು ಕಾಣುವುದಿಲ್ಲ.

ಮನೆಗೆ ತಂದ ಮೇಲೆ

ಬೆಳೆ ರಕ್ಷಣೆ ಲೈಸೆನ್ಸ್ ಇದೆ ಎಂದು ಹಂದಿ ಹೊಡೆಯುವ ಹಕ್ಕು ಬರುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಅದಕ್ಕೆ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಅನುಮತಿ ಬೇರೆಯೇ ಬೇಕು. ಜಗಳೂರು ಕಡೆಯವರು ಇನ್ನೂ ಎಚ್ಚರ ಇರಬೇಕು. ರಂಗಯ್ಯನದುರ್ಗದ ಕಾಡು ಕೊಂಡುಕುರಿಗೆಂದೇ, ಅಂದರೆ ನಾಲ್ಕು ಕೊಂಬಿನ ಹುಲ್ಲೆಗೆಂದೇ, ಕಾಯ್ದಿಟ್ಟ ಅಭಯಾರಣ್ಯ. ಕತ್ತಲಲ್ಲಿ ಪೊದೆ ಅಲ್ಲಾಡಿದ್ದು ಹಂದಿಯೋ, ಕೊಂಡುಕುರಿಯೋ, ಬಹಿರ್ದೆಸೆಗೆ ಬಂದ ಮನುಷ್ಯರೋ ಎಂದು ಕಣ್ಣಿಗೆ ಕಾಣದೆ ಟ್ರಿಗರಿನ ಹತ್ತಿರ ಬೆರಳು ಒಯ್ಯಬೇಡಿ.

ಬಂದೂಕನ್ನು ಬಿಚ್ಚಿ, ಒರಸಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ತೋಟೆಗಳನ್ನು ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿಡಿ. ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ, ದೊಡ್ಡ ಅಕ್ಷರದಲ್ಲಿ ತೋಟೆಯ ಉದ್ದ ಬರೆಯಿರಿ: 65 ಅಥವಾ 70. ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಆ ಚೀಟಿಯನ್ನು ನಾನೇ ಬರೆದು ಅಂಟಿಸಿದ್ದೇನೆ.