ಕೆಳಗೆ ಗ್ಯಾರೇಜು, ಮೇಲೆ ಮನೆ: ಇಂಗ್ಲೆಂಡಿನಲ್ಲಿ ಕೋಚ್ ಹೌಸ್ ಕೊಳ್ಳುವ ಹೊಸಬರಿಗೆ

“ಸ್ಟೇಷನ್ ಹತ್ತಿರ ಒಂದು ಟೌನ್‌ಹೌಸ್ ನೋಡಿದ್ವಿ ಅಕ್ಕ. ತುಂಬಾ ಇಷ್ಟ ಆಯ್ತು. ಆದ್ರೆ ಬ್ಯಾಂಕಿನವರು ಅಷ್ಟು ಸಾಲ ಕೊಡಲ್ಲ ಅಂತಾರೆ.” ಮಿಲ್ಟನ್ ಕೀನ್ಸ್‌ಗೆ ಬಂದು ಎರಡು ಮೂರು ವರ್ಷವಾದ ನಮ್ಮವರು ಮನೆಗೆ ಊಟಕ್ಕೆ ಬಂದರೆ ಈ ಮಾತು ಬಂದೇ ಬರುತ್ತದೆ. ಹೊರಡುವಾಗ ಅವರ ಜೊತೆ ನಾನೂ ಕೆಳಗಿಳಿದು, ನಮ್ಮ ಮನೆಯನ್ನು ಹೊರಗಿನಿಂದ ತೋರಿಸುತ್ತೇನೆ. ಸಾಲಾಗಿ ಮೂರು ಗ್ಯಾರೇಜು ಬಾಗಿಲು. ಅವುಗಳ ಮೇಲೆ ನಮ್ಮ ಎರಡು ಬೆಡ್‌ರೂಮಿನ ಮನೆ. ಏಳು ವರ್ಷದ ಹಿಂದೆ ಟೌನ್‌ಹೌಸಿನ ಆಸೆ ಬಿಟ್ಟು ನಾವು ಈ ಕೋಚ್ ಹೌಸನ್ನು ತಗೊಂಡೆವು.

ಕೋಚ್ ಅಂದರೆ ನಮ್ಮ ಸಾರೋಟು. ಹಿಂದೆ ಸಿರಿವಂತರ ಮನೆಯ ಹಿತ್ತಲಲ್ಲಿ ಸಾರೋಟು ನಿಲ್ಲಿಸಲು ಒಂದು ಕಟ್ಟಡ ಇರುತ್ತಿತ್ತು. ಕೆಳಗೆ ಕುದುರೆ, ಗಾಡಿ. ಮೇಲೆ ಅವನ್ನು ನೋಡಿಕೊಳ್ಳುವವರ ವಾಸ. ಲಂಡನ್ನಿನ ಹಳೆಯ ಮ್ಯೂಸ್ ಓಣಿಗಳಲ್ಲಿ ಅಂಥವು ಈಗಲೂ ಇವೆ, ಬೆಲೆ ಮಾತ್ರ ನಮ್ಮಂಥವರಿಗಲ್ಲ. ನಾನು ಹೇಳುತ್ತಿರುವುದು ಈಚಿನ ಬಡಾವಣೆಗಳಲ್ಲಿ ಬಿಲ್ಡರುಗಳು ಕಟ್ಟಿದ ಕೋಚ್ ಹೌಸ್. ಕೆಳಗೆ ಎರಡೋ ಮೂರೋ ನಾಲ್ಕೋ ಗ್ಯಾರೇಜು, ಕೆಲವು ಕಡೆ ಹಿಂದಿನ ಪಾರ್ಕಿಂಗಿಗೆ ಹೋಗುವ ಕಮಾನು. ಅದರಲ್ಲಿ ಸಾಮಾನ್ಯವಾಗಿ ಒಂದು ಗ್ಯಾರೇಜು ನಿಮ್ಮದು, ಉಳಿದವು ಅಕ್ಕಪಕ್ಕದ ಮನೆಯವರದು. ಮುಂಬಾಗಿಲು ರಸ್ತೆ ಮಟ್ಟದಲ್ಲಿ ಇರುತ್ತದೆ, ತೆಗೆದರೆ ಎದುರಿಗೇ ಮೆಟ್ಟಿಲು. ಬೆಂಗಳೂರಿನಲ್ಲಿ ಫಸ್ಟ್ ಫ್ಲೋರ್ ಬಾಡಿಗೆ ಮನೆಯಲ್ಲಿ ಇದ್ದವರಿಗೆ ಇದು ತಕ್ಷಣ ಹೊಂದಿಕೊಳ್ಳುತ್ತದೆ.

ಇದನ್ನು ನಾನು ಇಷ್ಟಪಡುವುದಕ್ಕೆ ಮೊದಲ ಕಾರಣ ನಮ್ಮತ್ತೆಯ ಮಂಡಿ. ಮೂರಂತಸ್ತಿನ ಟೌನ್‌ಹೌಸಿನಲ್ಲಿ ಅಡುಗೆಮನೆ ಕೆಳಗೆ, ಹಾಲ್ ನಡುವೆ, ಮಲಗುವ ಕೋಣೆ ಮೇಲೆ ಇರುವುದೇ ಜಾಸ್ತಿ. ಊರಿಂದ ಆರು ತಿಂಗಳ ವೀಸಾದಲ್ಲಿ ಬಂದ ಹಿರಿಯರು ದಿನವಿಡೀ ಹತ್ತಿ ಇಳಿಯಬೇಕು. ಇಲ್ಲಿ ಒಂದು ಸಲ ಹತ್ತಿದರೆ ಮುಗಿಯಿತು, ಎಲ್ಲ ಒಂದೇ ಮಟ್ಟ. ಎರಡನೆಯದು, ನಮ್ಮ ಮನೆಯ ಗೋಡೆ ಇನ್ನೊಬ್ಬರ ಮನೆಗೆ ತಾಗಿಲ್ಲ, ಮೇಲೂ ಯಾರಿಲ್ಲ. ಬೆಳಗ್ಗೆ ಆರಕ್ಕೆ ಚಟ್ನಿಗೆ ಮಿಕ್ಸಿ ಹಾಕಿದರೂ ಪಕ್ಕದವರಿಗೆ ಏನನ್ನಿಸುತ್ತದೋ ಎಂದು ಕೈ ತಡೆಯುವುದಿಲ್ಲ. ಆದರೆ ಕೆಲವು ಕೋಚ್ ಹೌಸ್‌ಗಳು ಪಕ್ಕದ ಸಾಲಿಗೆ ಅಂಟಿಕೊಂಡಿರುತ್ತವೆ, ನೋಡಿಕೊಳ್ಳಿ.

ಇಲ್ಲದಿರುವುದನ್ನೂ ಹೇಳುತ್ತೇನೆ. ಸಾಮಾನ್ಯವಾಗಿ ಗಾರ್ಡನ್ ಇರುವುದಿಲ್ಲ. ತುಳಸಿ, ಕರಿಬೇವು ಎರಡೂ ನಮ್ಮಲ್ಲಿ ದಕ್ಷಿಣದ ಕಿಟಕಿಯಲ್ಲೇ ಬೆಳೆಯುತ್ತಿವೆ. ಹತ್ತು ಕಿಲೋ ಸೋನಾ ಮಸೂರಿ ಚೀಲ, ಮಗುವಿನ ಬಗ್ಗಿ, ಎಲ್ಲ ಮೆಟ್ಟಿಲು ಹತ್ತಬೇಕು. ಮಕ್ಕಳು ಓಡಾಡಿ ಆಡುವ ವಯಸ್ಸಿನವರಾಗಿದ್ದು, ಹತ್ತಿರ ಪಾರ್ಕ್ ಇಲ್ಲದಿದ್ದರೆ ನಾನು ಇದನ್ನು ತಗೊಳ್ಳಿ ಅನ್ನುವುದಿಲ್ಲ.

ಮನೆ ನೋಡಲು ಹೋದಾಗ ಒಬ್ಬರೇ ಹೋಗಬೇಡಿ. ಒಬ್ಬರು ಬೆಡ್‌ರೂಮಿನಲ್ಲಿ ಸುಮ್ನೆ ನಿಂತಿರಿ. ಇನ್ನೊಬ್ಬರು ಕೆಳಗೆ ಹೋಗಿ, ಮಾಲೀಕರನ್ನು ಕೇಳಿ ಗ್ಯಾರೇಜಿನ ಬಾಗಿಲನ್ನು ಎತ್ತಿ ಇಳಿಸಿ. ಕಬ್ಬಿಣದ ಬಾಗಿಲು ಧಡ್ ಎಂದು ಬಿದ್ದಾಗ ನೆಲ ನಡುಗುತ್ತದೆಯೇ, ಕಿಟಕಿ ಗಾಜು ಸದ್ದು ಮಾಡುತ್ತದೆಯೇ? ಕೆಳಗಿನ ಗ್ಯಾರೇಜಿನವರು ಬೆಳಗಿನ ಜಾವದ ಶಿಫ್ಟಿಗೆ ಹೋಗುವವರಾದರೆ ವರ್ಷವಿಡೀ ಅದೇ ನಿಮ್ಮ ಅಲಾರಂ. ಆಮೇಲೆ ಶೂ, ಸಾಕ್ಸ್ ಬಿಚ್ಚಿ ಅಡುಗೆಮನೆಯ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಿ. ಕೆಳಗೆ ಹೀಟಿಂಗ್ ಇಲ್ಲದ ಗ್ಯಾರೇಜು ಇರುವುದರಿಂದ ಚಳಿಗಾಲದಲ್ಲಿ ನೆಲ ಕೊರೆಯುತ್ತದೆ. ಮನೆಗೆ ಎಷ್ಟು ಇಂಧನ ಬೇಕಾಗುತ್ತದೆ ಎಂದು ಹೇಳುವ ಇ.ಪಿ.ಸಿ. ಸರ್ಟಿಫಿಕೇಟಿನಲ್ಲಿ ಫ್ಲೋರ್ ಎಂಬ ಸಾಲು ಹುಡುಕಿ. “ಟು ಅನ್‌ಹೀಟೆಡ್ ಸ್ಪೇಸ್, ಇನ್ಸುಲೇಟೆಡ್” (ಕೆಳಗೆ ಹೀಟಿಂಗ್ ಇಲ್ಲದ ಜಾಗ, ನಡುವೆ ಚಳಿ ತಡೆಯುವ ಪದರ) ಎಂದಿದ್ದರೆ ಒಳ್ಳೆಯದು. ಪಕ್ಕದಲ್ಲಿ “ಅಸ್ಯೂಮ್ಡ್” ಅಂತ ಇದ್ದರೆ ಯಾರೂ ತೆಗೆದು ನೋಡಿಲ್ಲ, ಊಹೆ ಮಾಡಿ ಬರೆದಿದ್ದಾರೆ ಎಂದರ್ಥ. ಒಲೆಯ ಮೇಲಿನ ಹುಡ್ ಹೊಗೆಯನ್ನು ನಿಜವಾಗಿ ಹೊರಗೆ ಬಿಡುತ್ತದೆಯೇ, ಇಲ್ಲ ಅಲ್ಲೇ ಸುತ್ತಿಸುತ್ತದೆಯೇ ಎಂದೂ ಕೇಳಿ. ಅಡುಗೆಮನೆ, ಹಾಲ್ ಒಂದೇ ಆಗಿರುವ ಮನೆಯಲ್ಲಿ ಒಗ್ಗರಣೆ ಘಾಟು ಸೋಫಾದಲ್ಲಿ ಮೂರು ದಿನ ಕೂತಿರುತ್ತದೆ.

ಇನ್ನು ಕಾಗದಪತ್ರ. ಇಲ್ಲಿ ಅವಸರ ಬೇಡ.

ಲ್ಯಾಂಡ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಆ ಮನೆಯ ಟೈಟಲ್ ರಿಜಿಸ್ಟರ್ (ಒಡೆತನದ ದಾಖಲೆ) ಮತ್ತು ಟೈಟಲ್ ಪ್ಲಾನ್ (ಅದರ ನಕ್ಷೆ) ಸಿಗುತ್ತವೆ, ಒಂದೊಂದಕ್ಕೆ 7 ಪೌಂಡ್. ಆಫರ್ ಹಾಕುವ ಮೊದಲೇ ಇವೆರಡನ್ನು ಇಳಿಸಿಕೊಳ್ಳಿ. ಪ್ಲಾನಿನಲ್ಲಿ ಕೆಂಪು ಗೆರೆ ಎಳೆದಿರುತ್ತಾರೆ. ಆ ಗೆರೆಯ ಒಳಗೆ ಎಲ್ಲ ಗ್ಯಾರೇಜುಗಳೂ ಸೇರಿ ಇಡೀ ಕಟ್ಟಡ ಇದ್ದು, ರಿಜಿಸ್ಟರಿನಲ್ಲಿ ಫ್ರೀಹೋಲ್ಡ್ ಎಂದಿದ್ದರೆ, ಕಟ್ಟಡ ನಿಮ್ಮದು. ಪಕ್ಕದವರು ತಮ್ಮ ಗ್ಯಾರೇಜನ್ನು ನಿಮ್ಮಿಂದ ಲೀಸಿಗೆ ಪಡೆದವರು ಎಂದಾಗುತ್ತದೆ. ಈ ಲೀಸು ಹೆಚ್ಚಾಗಿ 999 ವರ್ಷದ್ದು. ಬಾಡಿಗೆ ವರ್ಷಕ್ಕೆ “ಒಂದು ಪೆಪ್ಪರ್‌ಕಾರ್ನ್” ಎಂದು ಬರೆದಿರುತ್ತದೆ. ಹೌದು, ನಮ್ಮ ಕಾಳುಮೆಣಸೇ. ಬಾಡಿಗೆ ಏನೂ ಇಲ್ಲ ಅನ್ನುವುದಕ್ಕೆ ಇಲ್ಲಿನ ವಕೀಲರ ಹಳೆಯ ಮಾತು ಅದು.

ಬಾಡಿಗೆ ಬರದಿದ್ದರೂ ಹೊಣೆ ಬರುತ್ತದೆ. ಸಾಮಾನ್ಯವಾಗಿ ಇಡೀ ಕಟ್ಟಡಕ್ಕೆ ವಿಮೆ ಮಾಡಿಸುವುದು, ಚಾವಣಿ ನೋಡಿಕೊಳ್ಳುವುದು ನಿಮ್ಮ ಕೆಲಸ. ಗ್ಯಾರೇಜಿನವರು ಅದರಲ್ಲಿ ಎಷ್ಟು ಪಾಲು ಕೊಡಬೇಕು ಎಂಬುದು ಗ್ಯಾರೇಜಿನ ಲೀಸಿನಲ್ಲಿ ಇರುತ್ತದೆ. ನಾವು ಮೊದಲ ಎರಡು ವರ್ಷ ಅದನ್ನು ಕೇಳಲೇ ಇಲ್ಲ, ಸಂಕೋಚ. ಮೂರನೇ ವರ್ಷ ವಿಮೆಯ ರಸೀದಿಯ ಪ್ರತಿ, ಲೀಸಿನ ಆ ಪುಟ, ಜೊತೆಗೆ ಒಂದು ಡಬ್ಬಿ ಕೋಡುಬಳೆ ಹಿಡಿದು ಎದುರು ಮನೆಯ ಬಾಗಿಲು ತಟ್ಟಿದೆ. ಅವರು ಓದಿ, ಅಲ್ಲೇ ನಿಂತು ಫೋನಿನಲ್ಲಿ ಹಣ ಕಳಿಸಿದರು. “ಇದು ನನಗೆ ಗೊತ್ತೇ ಇರಲಿಲ್ಲ” ಅಂದರು. ಗ್ಯಾರೇಜಿನಲ್ಲಿ ಪೆಟ್ರೋಲ್ ಕ್ಯಾನ್, ಗ್ಯಾಸ್ ಸಿಲಿಂಡರ್ ಇಡಬಾರದು ಎಂಬ ಷರತ್ತು ಅದೇ ಲೀಸಿನಲ್ಲಿ ಇದೆಯೇ ಎಂದು ನಿಮ್ಮ ಸಾಲಿಸಿಟರನ್ನು, ಅಂದರೆ ಮನೆ ಕಾಗದ ನೋಡುವ ವಕೀಲರನ್ನು, ಕೇಳಿ. ಅದು ನಿಮ್ಮ ಮಕ್ಕಳು ಮಲಗುವ ಕೋಣೆಯ ಕೆಳಗಿನ ಜಾಗ.

ಮನೆಯೇ ಲೀಸ್‌ಹೋಲ್ಡ್ ಆಗಿದ್ದರೆ, ಅಂದರೆ ಇಷ್ಟು ವರ್ಷಕ್ಕೆ ಎಂದು ಲೀಸಿಗೆ ಪಡೆದದ್ದಾದರೆ, ಲೆಕ್ಕ ಬೇರೆ. ಎಷ್ಟು ವರ್ಷ ಉಳಿದಿದೆ, ಗ್ರೌಂಡ್ ರೆಂಟ್ (ಜಾಗದ ಮಾಲೀಕರಿಗೆ ಕಟ್ಟುವ ಬಾಡಿಗೆ) ಎಷ್ಟು, ಅದು ಏರುತ್ತದೆಯೇ ಎಂದು ಕೇಳಿ. 80 ವರ್ಷಕ್ಕಿಂತ ಕಡಿಮೆ ಉಳಿದದ್ದನ್ನು ಮುಟ್ಟಬೇಡಿ. ಬಡಾವಣೆಯ ರಸ್ತೆ, ಹುಲ್ಲುಹಾಸಿಗೆ ವರ್ಷಕ್ಕಿಷ್ಟು ಎಸ್ಟೇಟ್ ಚಾರ್ಜ್ ಇದೆಯೇ ಅನ್ನುವುದನ್ನು ಎರಡೂ ಬಗೆಯಲ್ಲಿ ಕೇಳಬೇಕು.

ಕಾಗದದ ವಿಷಯ ನನಗೆ ಇಷ್ಟು ಗಟ್ಟಿಯಾಗಿ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ನಮಗೆ ಮೊದಲು ಸಾಲಕ್ಕೆ ಹೂಂ ಅಂದಿದ್ದ ಒಂದು ಬ್ಯಾಂಕು, ವ್ಯಾಲ್ಯುವೇಷನ್ ಆದ ಮೇಲೆ, ಕೆಳಗೆ ಬೇರೆಯವರ ಗ್ಯಾರೇಜು ಇದೆ ಎಂದು ಹಿಂದೆ ಸರಿಯಿತು. ಕಟ್ಟಿದ ಫೀ ಹೋಯಿತು, ಆರು ವಾರ ಹೋಯಿತು. ಆ ರಾತ್ರಿ ನಾವಿಬ್ಬರೂ ಊಟ ಮಾಡಲಿಲ್ಲ. ಎರಡನೇ ಸಲ ಬ್ರೋಕರಿಗೆ ಮೊದಲ ಫೋನಿನಲ್ಲೇ ಹೇಳಿದೆವು: ಇದು ಕೋಚ್ ಹೌಸ್, ಫ್ರೀಹೋಲ್ಡ್, ಕೆಳಗೆ ಮೂರು ಗ್ಯಾರೇಜು, ಎರಡು ಬೇರೆಯವರ ಲೀಸಿನಲ್ಲಿವೆ. ಇದಕ್ಕೆ ಸಾಲ ಕೊಡುವವರನ್ನೇ ಅವರು ಹುಡುಕಿದರು. ಇದೇ ವಾಕ್ಯವನ್ನು ವಿಮೆಯವರಿಗೂ ಹೇಳಿ. ಮುಚ್ಚಿಟ್ಟರೆ ಮುಂದೆ ಕ್ಲೈಮ್ ಸಮಯದಲ್ಲಿ ಕೈಕೊಡುತ್ತದೆ. ವೀಸಾದ ಮೇಲೆ ಇರುವವರಿಗೆ ಕೆಲವು ಬ್ಯಾಂಕುಗಳು ಡೆಪಾಸಿಟ್ ಜಾಸ್ತಿ ಕೇಳುತ್ತವೆ. ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ಪ್ರಜೆಗಳಾಗಿ ನಾವು ಇಲ್ಲಿನ ಮತದಾರರ ಪಟ್ಟಿಗೆ ಸೇರಬಹುದು, ಕ್ರೆಡಿಟ್ ಸ್ಕೋರಿಗೆ ಅದು ಸಹಾಯ. ಇವತ್ತೇ ಸೇರಿ.

ನಮ್ಮವರು ಬೆಚ್ಚಿಬೀಳುವ ಜಾಗ ಸ್ಟಾಂಪ್ ಡ್ಯೂಟಿ. 2025ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿರುವ ದರದಂತೆ 2,70,000 ಪೌಂಡಿನ ಕೋಚ್ ಹೌಸಿಗೆ ಮೊದಲ ಬಾರಿ ಮನೆ ಕೊಳ್ಳುವವರು ಏನೂ ಕಟ್ಟಬೇಕಿಲ್ಲ. 3,00,000ದವರೆಗೆ ಅವರಿಗೆ ಸೊನ್ನೆ. ಆದರೆ ಮೊದಲ ಬಾರಿ ಅಂದರೆ ಜಗತ್ತಿನಲ್ಲಿ ಎಲ್ಲೂ, ಎಂದೂ ಮನೆ ಹೊಂದಿರಬಾರದು. ಹುಬ್ಬಳ್ಳಿಯಲ್ಲಿ ಅಪ್ಪನಿಂದ ಬಂದ ಮನೆಯ ಪಾಲೂ ಲೆಕ್ಕಕ್ಕೆ ಬರುತ್ತದೆ. ಹಾಗೆ ಯಾವಾಗಲೋ ಮನೆ ಇದ್ದು ಮಾರಿದವರಿಗೆ ಇದೇ ಕೋಚ್ ಹೌಸಿಗೆ 3,500 ಪೌಂಡ್. ಈಗಲೂ ಬೆಂಗಳೂರಿನಲ್ಲಿ ಫ್ಲ್ಯಾಟ್ ಇದ್ದು, ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಜಾಸ್ತಿ ಆದರೆ, ಇಡೀ ಬೆಲೆಯ ಮೇಲೆ ಇನ್ನೂ 5 ಪರ್ಸೆಂಟ್ ಸೇರಿ 17,000 ಪೌಂಡ್ ಆಗುತ್ತದೆ. ಗಂಡನ ಹೆಸರಲ್ಲಿ ಅಲ್ಲಿ, ಹೆಂಡತಿ ಹೆಸರಲ್ಲಿ ಇಲ್ಲಿ ಅಂದರೂ ತಪ್ಪುವುದಿಲ್ಲ, ಇಬ್ಬರನ್ನೂ ಒಟ್ಟಿಗೇ ಎಣಿಸುತ್ತಾರೆ. ಖಾಲಿ ಸೈಟು, ಅಡಿಕೆ ತೋಟ ವಾಸದ ಮನೆಯಲ್ಲ, ಅವುಗಳ ಚಿಂತೆ ಬೇಡ. ಬೆಂಗಳೂರಿನದು ಇಲ್ಲಿ ಕೊಳ್ಳುವ ಹಿಂದಿನ 3 ವರ್ಷದಲ್ಲಿ ನೀವೇ ವಾಸವಿದ್ದ ಮುಖ್ಯ ಮನೆಯಾಗಿದ್ದು, ಇಲ್ಲಿ ಕೊಂಡ 3 ವರ್ಷದೊಳಗೆ ಅದನ್ನು ಮಾರಿದರೆ ಆ 5 ಪರ್ಸೆಂಟ್ ವಾಪಸ್ ಕೇಳಲು ದಾರಿ ಇದೆ. ಕೊಳ್ಳುವ ಹಿಂದಿನ 12 ತಿಂಗಳಲ್ಲಿ 183 ದಿನ ಈ ದೇಶದಲ್ಲಿ ಇರದಿದ್ದರೆ ಮತ್ತೆ 2 ಪರ್ಸೆಂಟ್ ಸೇರಬಹುದು. ಆದ್ದರಿಂದ ಊರಿನ ಆಸ್ತಿಯ ಪೂರ್ತಿ ವಿವರ ಸಾಲಿಸಿಟರಿಗೆ ಮೊದಲ ದಿನವೇ ಹೇಳಿ. ಅಪ್ಪ ಅಮ್ಮ ಊರಿಂದ ಡೆಪಾಸಿಟ್‌ಗೆ ಹಣ ಕಳಿಸುವುದಾದರೆ ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ಇದು ಸಾಲವಲ್ಲ, ಉಡುಗೊರೆ ಎಂಬ ಪತ್ರ ಎರಡೂ ಬೇಕಾಗುತ್ತವೆ. ಮುಂಚೆಯೇ ತರಿಸಿಟ್ಟುಕೊಳ್ಳಿ.

ಕೀಲಿ ಕೈಗೆ ಬಂದ ದಿನ ಹಾಲು ಉಕ್ಕಿಸಿ, ಆಮೇಲೆ ಒಂದು ಫೈಲು ತೆರೆಯಿರಿ. ಗ್ಯಾರೇಜುಗಳ ಲೀಸಿನ ಪ್ರತಿ, ಪ್ರತಿ ವರ್ಷದ ವಿಮೆ, ಪಕ್ಕದವರು ಕೊಟ್ಟ ಪಾಲಿನ ರಸೀದಿ, ಚಾವಣಿ ರಿಪೇರಿ ಬಿಲ್ಲು ಎಲ್ಲ ಅದರಲ್ಲಿರಲಿ. ನೀವು ಮುಂದೆ ಮಾರಲು ಹೊರಟಾಗ ಕೊಳ್ಳುವವರ ಸಾಲಿಸಿಟರು ಕೇಳುವುದು ಇವನ್ನೇ. ನಮ್ಮ ಫೈಲು ನೀಲಿ ಬಣ್ಣದ್ದು, ಮೆಟ್ಟಿಲ ಕೆಳಗಿನ ಕಪಾಟಿನಲ್ಲಿದೆ. ಬಂದಾಗ ಕೇಳಿ, ತೋರಿಸುತ್ತೇನೆ.