ಹಳೆಯ ಮೌಸರ್ ಬೇಟೆ ಕೋವಿಯ ಮೂಲ ಪತ್ತೆ: ನಾನು ಅನುಸರಿಸುವ ಕ್ರಮ

ಬ್ಯಾರಲ್ ಮೇಲೆ ಕೆತ್ತಿರುವ ಹೆಸರನ್ನು ನಾನು ಕೊನೆಗೆ ಓದುತ್ತೇನೆ. ಹೇಳಿ ಮಾಡಿಸಿದ ಬೋಲ್ಟ್ ಆಕ್ಷನ್ (ಕೈಯಿಂದ ಬೋಲ್ಟ್ ಎಳೆದು ತೋಟಾ ಏರಿಸುವ) ಕೋವಿಗೆ ಒಂದೇ ಹುಟ್ಟೂರು ಇರುವುದು ಅಪರೂಪ. ರಿಸೀವರ್ (ಬೋಲ್ಟ್ ಕೂರುವ ಕಬ್ಬಿಣದ ಒಡಲು) ಬರ್ಲಿನ್ನಿನದು, ಬ್ಯಾರಲ್ ಜರ್ಮನಿಯ ಸೂಲ್ ಊರಿನದು, ಮರ ಇನ್ನೆಲ್ಲಿಯದೋ ಆಗಿರುತ್ತದೆ. ಹೆಸರು ಹಾಕಿಕೊಂಡವನು ಎಷ್ಟೋ ಸಲ ಮಾರಿದ ಅಂಗಡಿಯವನು ಅಷ್ಟೇ. ಕೊಡಗು, ಮಲೆನಾಡಿನ ಕೆಲವು ತೋಟದ ಮನೆಗಳಲ್ಲಿ ಇಂಥ ಕೋವಿಗಳು ಇನ್ನೂ ಇವೆ. ಹೆಚ್ಚು ಗೊಂದಲ ಹುಟ್ಟಿಸುವುದು ಮೌಸರ್ 98 ಆಕ್ಷನ್ (ರಿಸೀವರ್, ಬೋಲ್ಟ್ ಸೇರಿದ ಭಾಗ) ಆದ್ದರಿಂದ ಅದನ್ನೇ ಹಿಡಿದು ಬರೆಯುತ್ತಿದ್ದೇನೆ.

ತೋಟಾ ಇಲ್ಲವೆಂದು ಕಣ್ಣಲ್ಲೂ ಬೆರಳಲ್ಲೂ ಖಚಿತ ಮಾಡಿಕೊಂಡು ಬೋಲ್ಟ್ ತೆಗೆದ ಮೇಲೆ ಮರ ಬಿಚ್ಚಬೇಕು. ಅಡಿಯ ಎರಡು ದೊಡ್ಡ ಸ್ಕ್ರೂಗಳ ಪಕ್ಕದಲ್ಲಿ ಸಣ್ಣ ಲಾಕ್ ಸ್ಕ್ರೂ ಇದ್ದರೆ ಮೊದಲು ಅದನ್ನು ಬಿಚ್ಚಿ. ಇಲ್ಲವಾದರೆ ದೊಡ್ಡ ಸ್ಕ್ರೂವಿನ ತಲೆ ಕಿತ್ತುಹೋಗುತ್ತದೆ. ಸ್ಕ್ರೂಡ್ರೈವರ್ ಬಾಯಿ ಸ್ಕ್ರೂ ತಲೆಯ ಗಾಡಿಯ (ತೋಡಿನ) ಅಗಲಕ್ಕೂ ಆಳಕ್ಕೂ ಸರಿಹೊಂದಬೇಕು. ಬೇಟೆ ಕೋವಿಗಳಲ್ಲಿ ಮುಂದಿನ ಮರವನ್ನು ಬ್ಯಾರಲ್‌ಗೆ ಹಿಡಿದಿಡುವ ಇನ್ನೊಂದು ಸ್ಕ್ರೂ ಅಥವಾ ಅಡ್ಡಪಿನ್ನು ಇರಬಹುದು. ಅದನ್ನು ನೋಡದೆ ಎಳೆದರೆ ಮರ ಸೀಳುತ್ತದೆ. ಕಬ್ಬಿಣವನ್ನು ನೇರ ಮೇಲಕ್ಕೆ ಎತ್ತಬೇಕು, ಮೀಟಬಾರದು.

ಈಗ ಎರಡು ಅಳತೆ. ರಿಸೀವರ್‌ನ ಮುಂದಿನ ರಿಂಗ್ 35.8 ಮಿ.ಮೀ. ಇದ್ದರೆ ದೊಡ್ಡ ರಿಂಗ್, 33 ಇದ್ದರೆ ಸಣ್ಣದು. ಅಡಿಯ ಎರಡು ಸ್ಕ್ರೂ ರಂಧ್ರಗಳ ನಡುವೆ, ಕೇಂದ್ರದಿಂದ ಕೇಂದ್ರಕ್ಕೆ, 199 ಮಿ.ಮೀ. ಬಂದರೆ ಸಾಮಾನ್ಯ ಉದ್ದದ ಆಕ್ಷನ್: ಜರ್ಮನ್ ಸೇನೆಯದು, ಝೆಕ್ ವಿಝಡ್ 24, ಅರ್ಜೆಂಟೀನಾದ 1909. ಸುಮಾರು 193.5 ಬಂದರೆ ಯುಗೊಸ್ಲಾವಿಯಾ ಅಥವಾ ಮೆಕ್ಸಿಕೊದ ಕಡೆ ನೋಡಬೇಕು. ಮೆಕ್ಸಿಕೊದ್ದಕ್ಕೆ ಸಣ್ಣ ರಿಂಗ್. ಬೋಲ್ಟ್‌ನ ಹಿಂಭಾಗದಲ್ಲಿ ಮೂರನೆಯ ಲಗ್ (ಬೋಲ್ಟನ್ನು ರಿಸೀವರ್‌ಗೆ ಕಚ್ಚಿಸುವ ಗುಬುಟು) ಇಲ್ಲದೆ, ಮುಚ್ಚುವಾಗ ಸ್ಪ್ರಿಂಗ್ ಬಿಗಿಯಾಗುತ್ತಿದ್ದರೆ ಅದು 98 ಅಲ್ಲ, ಅದಕ್ಕೂ ಹಿಂದಿನ ಮಾದರಿ. ಸ್ವೀಡನ್ನಿನ 96 ಹಾಗಿರುತ್ತದೆ.

ಸೇನೆಯ ಕೋವಿಯನ್ನು ಬೇಟೆಗೆ ಮಾರ್ಪಡಿಸುವಾಗ ರಿಂಗ್ ಮೇಲಿನ ರಾಜಲಾಂಛನವನ್ನು ಅರೆದು ತೆಗೆಯುವುದು ರೂಢಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಉಜ್ಜಿದ ಜಾಗ ಚಪ್ಪಟೆಯಾಗಿ ಹೊಳೆಯುತ್ತದೆ. ಆದರೆ ಎಡಪಕ್ಕದ ಗೋಡೆಯ ಅಕ್ಷರಗಳನ್ನು ಪೂರ್ತಿ ಅಳಿಸುವವರು ಕಡಿಮೆ. ಅಲ್ಲಿ ‘ಬರ್ಲಿನ್’, ‘ಬ್ರ್ನೊ’, ‘ಹೆರ್ಸ್ಟಾಲ್’ (ಕ್ರಮವಾಗಿ ಜರ್ಮನಿ, ಝೆಕ್, ಬೆಲ್ಜಿಯಂನ ಕಾರ್ಖಾನೆ ಊರುಗಳು) ಎಂಬ ತುಂಡು ಸಿಕ್ಕರೂ ಸಾಕು. ಟ್ರಿಗರ್ ಗಾರ್ಡ್‌ನ ಒಳಗಿನ ಪುಟ್ಟ ಕೀಲಿ ಒತ್ತಿದಾಗ ಮ್ಯಾಗಜಿನ್ ತಳ ತೆರೆದುಕೊಂಡರೆ ಎಲ್ಲರೂ ಅರ್ಜೆಂಟೀನಾ 1909 ಎನ್ನುತ್ತಾರೆ. ಅವಸರ ಬೇಡ, ಆ ಗಾರ್ಡ್‌ಗೆ ಬೇಡಿಕೆ ಹೆಚ್ಚು, ಬೇರೆ ಆಕ್ಷನ್‌ಗೂ ಜೋಡಿಸಿರುತ್ತಾರೆ.

ನಿಜವಾದ ಕತೆ ಇರುವುದು ಬ್ಯಾರಲ್‌ನ ಅಡಿಯಲ್ಲಿ, ಮರದೊಳಗೆ ಅವಿತಿರುವ ಪರೀಕ್ಷಾ ಮುದ್ರೆಗಳಲ್ಲಿ (ಕೋವಿ ಒತ್ತಡ ತಡೆಯುತ್ತದೆಂದು ಪರೀಕ್ಷಿಸಿ ಒತ್ತಿದ ಗುರುತುಗಳಲ್ಲಿ). ಸೀಮೆಎಣ್ಣೆಯಲ್ಲಿ ಒದ್ದೆಮಾಡಿದ ಬಟ್ಟೆಯಿಂದ ಒರೆಸಿ, ಹತ್ತು ಪಟ್ಟಿನ ಲೆನ್ಸ್ ಹಿಡಿದು ನೋಡಿ. ತಂತಿಬ್ರಷ್ ಹಾಕಿದರೆ ಮುದ್ರೆಯ ಅಂಚೇ ಹೋಗುತ್ತದೆ. ಕಿರೀಟದ ಕೆಳಗೆ ಬಿ, ಯು, ಜಿ ಅಕ್ಷರಗಳಿದ್ದರೆ 1940ಕ್ಕೆ ಮುಂಚಿನ ಜರ್ಮನ್ ಪರೀಕ್ಷೆ. ‘ಜಿ’ ಎಂದರೆ ಒಳಗೆ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ಗಾಡಿಗಳು) ಇದೆ. ಕಿರೀಟದಡಿಯ ‘ಎನ್’ ಹೊಗೆರಹಿತ ಮದ್ದಿನ ಪರೀಕ್ಷೆಯದು. ಹದ್ದಿನ ಕೆಳಗೆ ‘ಎನ್’ ಇದ್ದರೆ 1940 ಅಥವಾ ಆಮೇಲಿನದು. ಪಕ್ಕದಲ್ಲಿ ‘5.28’ ಎಂಬಂತಹ ಸಂಖ್ಯೆ ಕಂಡರೆ ಮೇ 1928ರಲ್ಲಿ ಪರೀಕ್ಷೆಯಾಯಿತೆಂದು ಓದುತ್ತೇನೆ. ತೀರಾ ಹಳೆಯವುಗಳಲ್ಲಿ ‘172,28’ ಎಂದಿರುತ್ತದೆ. ಅದು ಕ್ರಮಸಂಖ್ಯೆಯಲ್ಲ, ಬ್ಯಾರಲ್ ಒಳವ್ಯಾಸದ ಗೇಜ್: 0.300 ಇಂಚಿನ ಕಡ್ಡಿ ಒಳಹೋಯಿತು, ಮುಂದಿನ 0.310 ಹೋಗಲಿಲ್ಲ. ಎಂಟು ಮಿ.ಮೀ. ಕೋವಿಯ ಮೇಲೆ ಇದನ್ನು ನೋಡಿ ‘ತರ್ಟಿ ಬೋರ್’ ಎಂದು ಬರೆದುಕೊಂಡವರುಂಟು.

ಲಂಡನ್ ಅಂಗಡಿಯ ಹೆಸರಿನ ಜೊತೆ ‘ನಾಟ್ ಇಂಗ್ಲಿಷ್ ಮೇಕ್’ ಎಂಬ ಮುದ್ರೆಯೂ ಇದ್ದರೆ ಕೋವಿ ಹೊರದೇಶದಲ್ಲಿ ತಯಾರಾಗಿ ಬ್ರಿಟನ್ನಿನಲ್ಲಿ ಪರೀಕ್ಷೆಗೆ ಒಳಗಾದದ್ದು. ಈ ಮುದ್ರೆಯ ಕಾಲ 1925ರಿಂದ 1955. ಇನ್ನು ಬ್ಯಾರಲ್ ಮೇಲೆ ಒಂದೂ ಮುದ್ರೆ ಇಲ್ಲವೇ? ಅದೂ ಸುಳಿವೇ. ಅಮೆರಿಕದಲ್ಲಿ ಸರ್ಕಾರಿ ಪರೀಕ್ಷೆಯ ಕಡ್ಡಾಯವಿಲ್ಲ, ಹಾಗಾಗಿ ಅಲ್ಲಿ ಬ್ಯಾರಲ್ ಹಾಕಿಸಿದ ಕೋವಿ ಬೋಳಾಗಿಯೇ ಇರುತ್ತದೆ. ದುರ್ಬೀನಿನ ಸ್ಕ್ರೂ ರಂಧ್ರದಲ್ಲಿ ಇಂಚಿಗೆ 48 ಎಳೆ ಇದ್ದರೆ ಈ ಊಹೆ ಗಟ್ಟಿಯಾಗುತ್ತದೆ. ಕೊಕ್ಕೆಯ ಹಾಗೆ ಕಚ್ಚಿಕೊಳ್ಳುವ ಮೌಂಟ್, ಚಪ್ಪಟೆ ಬೋಲ್ಟ್ ಹಿಡಿ, ಜೋಡಿ ಟ್ರಿಗರ್ ಇವು ಜರ್ಮನ್, ಆಸ್ಟ್ರಿಯನ್ ಕೈಕೆಲಸ. ಮರದ ಜೋಡಣೆಯಲ್ಲಿ ಬಿಳಿ ಪ್ಲಾಸ್ಟಿಕ್ ಗೆರೆ ಕಂಡರೆ ಆ ಮರ ಎರಡನೇ ಮಹಾಯುದ್ಧದ ನಂತರದ ಅಮೆರಿಕನ್ ರುಚಿಯದು. ಮರವನ್ನು ಮಾತ್ರ ಯಾವಾಗ ಬೇಕಾದರೂ ಬದಲಿಸಬಹುದು; ಅದರ ಸಾಕ್ಷಿಗೆ ನಾನು ಹೆಚ್ಚು ತೂಕ ಕೊಡುವುದಿಲ್ಲ.

ತೋಟಾ ಯಾವುದೆಂದು ಮುದ್ರೆಯಿಂದ ತೀರ್ಮಾನಿಸದೆ ಚೇಂಬರ್‌ನ (ಬ್ಯಾರಲ್ ಹಿಂಭಾಗದಲ್ಲಿ ತೋಟಾ ಕೂರುವ ಜಾಗದ) ಅಚ್ಚು ತೆಗೆಯುತ್ತೇನೆ. ಇದಕ್ಕೆ ಸೆರೊಸೇಫ್ ಎಂಬ ಮಿಶ್ರಲೋಹ ಬೇಕು. ಅದು 70ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಆದ್ದರಿಂದ ಬಿಸಿನೀರಿನ ಪಾತ್ರೆಯೊಳಗೆ ಇಟ್ಟರೆ ಸಾಕು. ಚೇಂಬರ್ ಒರೆಸಿ ತೆಳುವಾಗಿ ಎಣ್ಣೆ ಸವರಿ, ಅದರ ಮುಂದೆ ಸುಮಾರು 25 ಮಿ.ಮೀ. ಬಿಟ್ಟು ಬಟ್ಟೆ ತುರುಕಿ, ಹಿಂದಿನ ಅಂಚಿನವರೆಗೆ ಮಾತ್ರ ಹುಯ್ಯಬೇಕು. ಮೀರಿ ತುಂಬಿದರೆ ಬೋಲ್ಟ್ ಲಗ್‌ನ ಗಾಡಿಗೆ ಹರಿದು ಅಚ್ಚು ಸಿಕ್ಕಿಕೊಳ್ಳುತ್ತದೆ. ಆಗ ಸುತ್ತಿಗೆ ಬೇಡ, ಕುದಿನೀರು ಸುರಿದು ಕರಗಿಸಿ. ಲೋಹ ಮೊದಲ ಅರ್ಧ ಗಂಟೆ ಕುಗ್ಗುತ್ತದೆ, ಆಮೇಲೆ ಹಿಗ್ಗುತ್ತದೆ. ಗಟ್ಟಿಯಾದ ಕೂಡಲೇ ಮುಂದಿನಿಂದ ರಾಡ್ ಹಾಕಿ ತಟ್ಟಿ ತೆಗೆದು, ಹುಯ್ದ ಒಂದು ಗಂಟೆಗೆ ಸರಿಯಾಗಿ ಅಳೆಯಬೇಕು. ಚೇಂಬರ್‌ನ ನಿಜವಾದ ಅಳತೆ ಸಿಗುವುದು ಆಗಲೇ.

ತೋಟಾ 8x57 (ಎಂಟು ಮಿ.ಮೀ. ಗುಂಡು, 57 ಮಿ.ಮೀ. ಉದ್ದದ ಕೇಸು) ಎಂದು ಗೊತ್ತಾದರೂ ಅರ್ಧ ಉತ್ತರವೇ. ಇದರಲ್ಲಿ ‘ಐ’, ‘ಎಸ್’ ಎಂಬ ಎರಡು ಬಗೆ: ಹಳೆಯ ‘ಐ’ ಬ್ಯಾರಲ್‌ನ ರೈಫ್ಲಿಂಗ್ ಗಾಡಿಯಿಂದ ಎದುರಿನ ಗಾಡಿಗೆ ಸುಮಾರು 8.07 ಮಿ.ಮೀ., ‘ಎಸ್’ ಬ್ಯಾರಲ್‌ನದು 8.20. ಮೆತ್ತನೆಯ ಸೀಸದ ತುಂಡನ್ನು ಬ್ಯಾರಲ್‌ನಲ್ಲಿ ಮೆಲ್ಲಗೆ ತಳ್ಳಿ, ಹೊರಬಂದದ್ದನ್ನು ಮೈಕ್ರೊಮೀಟರ್‌ನಲ್ಲಿ ಅಳೆದರೆ ವ್ಯತ್ಯಾಸ ಕಾಣುತ್ತದೆ. ಸೇನೆ ‘ಎಸ್’ಗೆ ಹೋದ ಮೇಲೂ ಬೇಟೆ ಕೋವಿಗಳಿಗೆ ‘ಐ’ ಬ್ಯಾರಲ್ ಹಾಕುವುದು ಬಹುಕಾಲ ನಡೆದಿತ್ತು, ಆದ್ದರಿಂದ ತಾರೀಖು ನೋಡಿ ಊಹಿಸುವಂತಿಲ್ಲ. ‘ಐ’ ಬ್ಯಾರಲ್‌ನಲ್ಲಿ ‘ಎಸ್’ ತೋಟಾ ಹಾರಿಸಿದರೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಲೈಸೆನ್ಸಿನಲ್ಲಿ ಬರೀ ‘8 ಎಂ.ಎಂ.’ ಎಂದಿದ್ದರೆ ಈ ಅಳತೆ ಕೈಗೆ ಬರುವವರೆಗೂ ತೋಟಾ ಕೊಳ್ಳಲು ಹೋಗಬೇಡಿ.